ಗೇಮ್ ಸಂಗ್ರಹದ ಐದು ರೀತಿ: ಯಾವುದು ಎಷ್ಟು ದಿನ ಹವ್ಯಾಸವಾಗಿ ಉಳಿಯುತ್ತದೆ?

ಮುನ್ನೂರು ವಿಡಿಯೊ ಗೇಮ್ ಇಟ್ಟುಕೊಂಡು ಈಗಲೂ ಮನಸಾರೆ ಆಡುವವರಿದ್ದಾರೆ. ನಲವತ್ತಕ್ಕೇ ಸುಸ್ತಾಗಿ ಕಪಾಟಿನ ಕಡೆ ನೋಡುವುದನ್ನೇ ಬಿಟ್ಟವರೂ ಇದ್ದಾರೆ. ಹೀಗೇಕೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಸಂಗ್ರಹಿಸುವ ರೀತಿಯಲ್ಲೇ ಸಿಗುತ್ತದೆ. ಐದು ರೀತಿಗಳನ್ನು ನಡೆಸಿ ನೋಡಿ ಇಲ್ಲಿ ಅಕ್ಕಪಕ್ಕ ಇಟ್ಟಿದ್ದೇವೆ: ಒಂದು ಕನ್ಸೋಲಿನ (ಗೇಮ್ ಆಡುವ ಯಂತ್ರದ) ಪೂರ್ತಿ ಸೆಟ್, ಸೀಲ್ ಒಡೆಯದ ವಿಶೇಷ ಆವೃತ್ತಿಗಳು, ಸೇಲ್‌ನಲ್ಲಿ ತುಂಬಿಸಿದ ಡಿಜಿಟಲ್ ಲೈಬ್ರರಿ, ತಿಂಗಳ ಚಂದಾ, ಮತ್ತು ಮಿತಿ ಹಾಕಿದ ಚಿಕ್ಕ ಕಪಾಟು.

ಎಲ್ಲದಕ್ಕೂ ಕೇಳಿದ್ದು ಮೂರೇ ಪ್ರಶ್ನೆ. ಇವತ್ತು ಸಂಜೆ ಆಡಬೇಕೆನಿಸಿದರೆ ಆಟ ಪರದೆಗೆ ಬರಲು ಎಷ್ಟು ಹೊತ್ತು? ತಿಂಗಳಲ್ಲಿ ಆಡಿದ ಹೊತ್ತು ಹೆಚ್ಚೋ, ಸಂಗ್ರಹಕ್ಕಾಗಿ ದುಡಿದ ಹೊತ್ತು ಹೆಚ್ಚೋ? ಮುಂದಿನ ಗೇಮ್ ಕೊಳ್ಳದೆ ಬಿಟ್ಟರೆ ನೆಮ್ಮದಿಯೋ, ತಳಮಳವೋ?

ಎರಡನೆಯದನ್ನು ಅಂದಾಜಿಗೆ ಬಿಡಬೇಡಿ. ನಾಲ್ಕು ವಾರ ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿ ನಿಮಿಷಗಳನ್ನು ಬರೆಯಿರಿ. ಒಂದರಲ್ಲಿ ಆಟ, ಇನ್ನೊಂದರಲ್ಲಿ ಹುಡುಕಾಟ, ಚೌಕಾಸಿ, ಪಾರ್ಸೆಲ್, ಒರೆಸುವುದು, ಪಟ್ಟಿ ತಿದ್ದುವುದು, ಬೆಲೆ ನೋಡುವುದು. ಬೆಲೆ ನೋಡಿದ ಹೊತ್ತನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಪ್ರೈಸ್‌ಚಾರ್ಟಿಂಗ್‌ನಂಥ ತಾಣದಲ್ಲಿ, ಆಟ ತುಂಬಿ ಕನ್ಸೋಲಿಗೆ ಸಿಕ್ಕಿಸುವ ಬಿಡಿ ಕಾರ್ಟ್ರಿಜ್‌ಗೊಂದು, ಡಬ್ಬ ಮತ್ತು ಕೈಪಿಡಿ ಸಮೇತ ಇರುವುದಕ್ಕೊಂದು, ಹೊಸದಕ್ಕೊಂದು ಬೆಲೆ ಇರುತ್ತದೆ. ಕನ್ಸೋಲಿಗಿಂತ ಹೆಚ್ಚು ಸಲ ಆ ಪುಟ ತೆರೆಯುತ್ತಿದ್ದೀರಿ ಎಂದಾದರೆ ಹಾಳೆಯೇ ಉತ್ತರ ಹೇಳುತ್ತದೆ. ಒಂದು ಮಾತು: ಕೆಟ್ಟ ಕನ್ಸೋಲ್ ಬಿಚ್ಚಿ ರಿಪೇರಿ ಮಾಡುವುದೇ ನಿಮಗೆ ಖುಷಿ ಎಂದಾದರೆ ಅದನ್ನು ಆಟದ ಕಾಲಂಗೇ ಬರೆಯಿರಿ.

ಪೂರ್ತಿ ಸೆಟ್

ಪೂರ್ತಿ ಸೆಟ್ ಅಂದಾಗ ಯಾವ ಕನ್ಸೋಲಿನದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಿಂಟೆಂಡೊದ ವರ್ಚುವಲ್ ಬಾಯ್ ಕನ್ಸೋಲಿಗೆ ಎಲ್ಲ ದೇಶ ಸೇರಿಸಿದರೂ ಬಂದದ್ದು 22 ಗೇಮ್. ನಿಂಟೆಂಡೊ 64ಕ್ಕೆ ಉತ್ತರ ಅಮೆರಿಕದಲ್ಲೇ 296. ಸೂಪರ್ ನಿಂಟೆಂಡೊಗೆ ಅಲ್ಲೇ ಏಳುನೂರಕ್ಕೂ ಹೆಚ್ಚು. ಸಂಖ್ಯೆ ಚಿಕ್ಕದಾದರೆ ಸಲೀಸು ಎಂದೂ ಅಲ್ಲ: ವರ್ಚುವಲ್ ಬಾಯ್‌ಗೆ ಜಪಾನಿನಲ್ಲಿ ಕೊನೆಗೆ ಬಂದ ಒಂದೆರಡು ಗೇಮ್‌ಗಳು ಸಿಗುವುದೇ ದುರ್ಲಭ.

ಮೊದಲ ಅರ್ಧ ಸೊಗಸಾಗಿರುತ್ತದೆ, ಯಾಕೆಂದರೆ ಆಗ ಇಷ್ಟದ ಗೇಮ್‌ಗಳನ್ನೇ ಕೊಳ್ಳುತ್ತೀರಿ. ಮೂರರಲ್ಲಿ ಎರಡು ಪಾಲು ಮುಗಿದ ಮೇಲೆ ಉಳಿಯುವುದು ಪ್ರತಿ ವರ್ಷ ಹೊಸ ಅಂಕಿ ಹಚ್ಚಿಕೊಂಡು ಬಂದ ಕ್ರೀಡಾ ಗೇಮ್‌ಗಳು, ಆಮೇಲೆ ಕೈಗೆಟುಕದ ನಾಲ್ಕಾರು. ನಿಂಟೆಂಡೊ 64ರ 'ಕ್ಲೇಫೈಟರ್: ಸ್ಕಲ್ಪ್ಟರ್ಸ್ ಕಟ್' 1998ರಲ್ಲಿ ಬ್ಲಾಕ್‌ಬಸ್ಟರ್ ಅಂಗಡಿಗಳಲ್ಲಿ ಬಾಡಿಗೆಗೆಂದೇ ಬಂದದ್ದು. ಅದು ಅಪರೂಪವಾಗಿರುವುದು ಆ ಕಾರಣಕ್ಕೆ. ಆಟವಾಗಿ ಅದಕ್ಕಿಂತ ಚೆನ್ನಾಗಿರುವವು ಅದೇ ಕಪಾಟಿನಲ್ಲಿ ಹತ್ತಾರಿವೆ. ಕೊಳ್ಳುವ ಕಾರಣ 'ಆಡಬೇಕು' ಎಂಬುದರಿಂದ 'ಆ ಜಾಗ ಖಾಲಿ ಇದೆ' ಎಂಬುದಕ್ಕೆ ಜಾರುವುದು ಇಲ್ಲೇ.

ಇನ್ನು ಪಾಲನೆ. ಕಾರ್ಟ್ರಿಜ್‌ನ ಪಿನ್ ಒರೆಸಲು 90 ಶೇಕಡಾಕ್ಕಿಂತ ಗಟ್ಟಿಯ ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿಕಡ್ಡಿ, ಒಣಗಲು ಒಂದೆರಡು ನಿಮಿಷ ಬೇಕು. ಒಂದಕ್ಕೆ ಐದು ನಿಮಿಷ ಹಿಡಿಯಿರಿ. 296ಕ್ಕೆ ಸುಮಾರು 25 ಗಂಟೆ. ಬಾಯಲ್ಲಿ ಊದುವ ಹಳೆಯ ಅಭ್ಯಾಸ ಬಿಡಿ, ಉಸಿರಿನ ತೇವ ಪಿನ್ನಿಗೆ ತುಕ್ಕು ತರುತ್ತದೆ.

ಹೆಚ್ಚು ಹೊತ್ತು ತಿನ್ನುವುದು ಬ್ಯಾಟರಿ. ನಿಂಟೆಂಡೊದ ಹಳೆಯ ಕನ್ಸೋಲುಗಳಾದ ಎನ್‌ಇಎಸ್, ಸೂಪರ್ ನಿಂಟೆಂಡೊ, ಗೇಮ್ ಬಾಯ್‌ಗಳ ಬಹಳಷ್ಟು ಕಾರ್ಟ್ರಿಜ್‌ಗಳಲ್ಲಿ ಸೇವ್, ಅಂದರೆ ಆಟ ಎಲ್ಲಿಗೆ ಬಂತೆಂಬ ದಾಖಲೆ, ಉಳಿಯುವುದು ಎಸ್‌ರ್ಯಾಮ್ ಚಿಪ್‌ನಲ್ಲಿ. ಅದಕ್ಕೆ 3 ವೋಲ್ಟಿನ ಗುಂಡಿ ಸೆಲ್ ಸದಾ ಜೀವ ಕೊಡುತ್ತಿರಬೇಕು. ಸೆಲ್ ಸತ್ತರೆ ಸೇವ್ ಹೋಯಿತು. ಸೂಪರ್ ನಿಂಟೆಂಡೊದಲ್ಲಿ ಸಾಮಾನ್ಯವಾಗಿ ಸಿಆರ್2032 ಎಂಬ ಸೆಲ್. ಪೋಕೆಮಾನ್ ಗೋಲ್ಡ್ ಮತ್ತು ಸಿಲ್ವರ್‌ನಲ್ಲಿ ಸಿಆರ್2025. ಆಟದೊಳಗಿನ ಗಡಿಯಾರವನ್ನೂ ಅದೇ ನಡೆಸುವುದರಿಂದ ಬೇಗ ಬರಿದಾಗುತ್ತದೆ. ಅದೇ ಸರಣಿಯ ರೂಬಿ ಮತ್ತು ಸಫೈರ್‌ನಲ್ಲಿ ಸಿಆರ್1616 ಇರುವುದು ಗಡಿಯಾರಕ್ಕೆ ಮಾತ್ರ, ಸೇವ್ ಸೆಲ್ ಬೇಡದ ಫ್ಲ್ಯಾಶ್ ಮೆಮೊರಿಯಲ್ಲಿರುತ್ತದೆ. ಹಾಗಾಗಿ ಅವು 'ಬ್ಯಾಟರಿ ಮುಗಿದಿದೆ' ಎಂದು ತೋರಿಸಿದರೂ ಗಾಬರಿ ಬೇಡ.

ಬದಲಿಸುವ ಕ್ರಮ ಹೀಗೆ. ಮೊದಲು ಕಾರ್ಟ್ರಿಜ್ ರೀಡರ್‌ನಿಂದ ಸೇವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಯಾಕೆಂದರೆ ಸೆಲ್ ಕಿತ್ತ ಕ್ಷಣ ಅದು ಅಳಿಯುತ್ತದೆ. 3.8 ಮಿಲಿಮೀಟರ್ ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂಡ್ರೈವರ್ ತುದಿಯಿಂದ ಸ್ಕ್ರೂ ಬಿಚ್ಚಿ, ಪ್ಲಸ್ ತುದಿ ಯಾವ ಕಡೆ ಇದೆ ಎಂದು ಫೋಟೊ ತೆಗೆದು, ಹಳೆಯದರ ಬೆಸುಗೆ ಕರಗಿಸಿ ತೆಗೆಯಿರಿ. ಹೊಸದು ತಗಡಿನ ಕಾಲುಗಳಿರುವ ಸೆಲ್ಲೇ ಆಗಿರಲಿ. ಬರಿಯ ಸೆಲ್ಲಿಗೆ ನೇರ ಬೆಸುಗೆ ಹಾಕಿದರೆ ಬಿಸಿಗೆ ಸಿಡಿಯಬಹುದು; ಟೇಪ್ ಸುತ್ತಿ ಕೂರಿಸಿದರೆ ಇವತ್ತು ನಡೆಯುತ್ತದೆ, ಮುಂದೊಂದು ದಿನ ಅಲುಗಾಡಿ ಸೇವ್ ನುಂಗುತ್ತದೆ. ಮುಗಿದ ಮೇಲೆ ಮಲ್ಟಿಮೀಟರ್ 3 ವೋಲ್ಟ್ ಆಸುಪಾಸು ತೋರಿಸಬೇಕು. ಆಟ ಹಾಕಿ ಸೇವ್ ಮಾಡಿ, ಹತ್ತು ನಿಮಿಷ ಆಫ್ ಇಟ್ಟು ಮತ್ತೆ ನೋಡಿ. ಕೈ ಪಳಗಿದವರಿಗೂ ಒಂದಕ್ಕೆ 20 ನಿಮಿಷ. ಇಂಥವು 60 ಇದ್ದರೆ 20 ಗಂಟೆ.

ಜೊತೆಗೆ ನಕಲಿಗಳ ಕಾಟ. ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಜ್‌ನ ಲೇಬಲ್ ಮೇಲೆ ಒತ್ತಿ ಮೂಡಿಸಿದ ಪುಟ್ಟ ಅಂಕಿ, ಪಿನ್ನುಗಳ ಮೇಲ್ಗಡೆ ಬೋರ್ಡಿನಲ್ಲಿ ನಿಂಟೆಂಡೊ ಹೆಸರು ಇವೆಯೇ ನೋಡಿ. ಬಿಚ್ಚಿದಾಗ ಚಿಪ್ ಇರಬೇಕಾದ ಕಡೆ ಕಪ್ಪು ಅಂಟಿನ ಉಂಡೆ ಕಂಡರೆ ವಾಪಸ್ ಕಳಿಸಿ. ಕನ್ಸೋಲುಗಳೂ ಸುಮ್ಮನಿರುವುದಿಲ್ಲ: ಗೇಮ್ ಗೇರ್‌ನ ಕೆಪ್ಯಾಸಿಟರುಗಳು, ಮೊದಲ ಎಕ್ಸ್‌ಬಾಕ್ಸ್‌ನ ಗಡಿಯಾರದ ಕೆಪ್ಯಾಸಿಟರ್ ಸೋರಿ ಬೋರ್ಡಿನ ತಾಮ್ರದ ಗೆರೆ ತಿನ್ನುತ್ತವೆ, ಕಪಾಟಿನಲ್ಲಿ ಮುಟ್ಟದೆ ಇಟ್ಟಿದ್ದರೂ ಸರಿ.

ನಮ್ಮ ಅಭಿಪ್ರಾಯ ನೇರವಾಗಿದೆ: ಐವತ್ತರೊಳಗೆ ಮುಗಿಯುವ ಪಟ್ಟಿಯಾದರೆ ಪೂರ್ತಿ ಸೆಟ್ ಚೆಂದ. ಒಂದು ಸರಣಿ, ಒಬ್ಬ ನಿರ್ಮಾಪಕ, ಒಂದು ಪ್ರಕಾರ ಎಂದು ಗಡಿ ಹಾಕಿಕೊಂಡರೆ ಪ್ರತಿಯೊಂದನ್ನೂ ಆಡಿಯೇ ಮುಂದೆ ಹೋಗಬಹುದು. ಮುನ್ನೂರರ ಸೆಟ್ ಐದರಲ್ಲಿ ಅತಿ ಬೇಗ ಕೆಲಸವಾಗಿ ಬದಲಾಗುವಂಥದ್ದು.

ಸೀಲ್ ಒಡೆಯದವು, ಮಿತ ಮುದ್ರಣದವು

ಇಲ್ಲಿ ಮೊದಲ ಪ್ರಶ್ನೆಗೆ ಉತ್ತರವೇ ಇಲ್ಲ, ಆಡಬೇಕೆಂದರೆ ಸೀಲ್ ಒಡೆಯಬೇಕು. ಆಡಲು ಒಂದು, ಇಡಲು ಒಂದು ಎಂದು ಎರಡು ಕೊಳ್ಳುವುದು ಶುರುವಾಗುತ್ತದೆ. 2021ರ ಜುಲೈನಲ್ಲಿ ಸೀಲ್ ಒಡೆಯದ ಸೂಪರ್ ಮಾರಿಯೊ 64 ಪ್ರತಿಯೊಂದು 15.6 ಲಕ್ಷ ಡಾಲರಿಗೆ ಹರಾಜಾಯಿತು. ಹಾಗೆ ನೋಡಿದರೆ ಆ ಆಟ ಅಪರೂಪವೇ ಅಲ್ಲ. ಅಷ್ಟು ಬೆಲೆ ಬಂದದ್ದು ಆ ಒಂದು ಪ್ರತಿಯ ಸ್ಥಿತಿಗೆ, ಸ್ಥಿತಿ ಪರೀಕ್ಷಿಸುವ ಸಂಸ್ಥೆ ಅದಕ್ಕೆ ಕೊಟ್ಟ ಅಂಕಕ್ಕೆ. ಅಂಥ ಸುದ್ದಿ ತಲೆಗೆ ಹೊಕ್ಕ ಮೇಲೆ ಕಪಾಟು ಹೂಡಿಕೆಯಾಗುತ್ತದೆ. ಆಮೇಲೆ ರಟ್ಟಿನ ಮೂಲೆ ಮಡಚಿದರೂ ಹೊಟ್ಟೆ ಉರಿಯುತ್ತದೆ.

ಮಿತ ಮುದ್ರಣದ ಪ್ರಿ-ಆರ್ಡರ್‌ನ ತೊಂದರೆ ಬೇರೆ. 'ಇಷ್ಟು ದಿನ ಮಾತ್ರ' ಎಂಬ ಗಡುವು ಇರುವುದರಿಂದ ಇಷ್ಟವೋ ಅಲ್ಲವೋ ಎಂದು ತೀರ್ಮಾನಿಸುವ ಮುಂಚೆ ಹಣ ಕಟ್ಟಿರುತ್ತೀರಿ, ಡಬ್ಬ ಬರುವ ಹೊತ್ತಿಗೆ ಆ ಆಟವನ್ನು ಡಿಜಿಟಲ್ ಆಗಿ ಆಡಿ ಮುಗಿಸಿರುತ್ತೀರಿ. ಡಬ್ಬದೊಳಗೆ ಏನಿದೆ ಎಂಬುದನ್ನೂ ನೋಡಿ. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಕನ್ಸೋಲಿನ ಗೇಮ್-ಕೀ ಕಾರ್ಡ್‌ಗಳಲ್ಲಿ ಆಟವೇ ಇರುವುದಿಲ್ಲ. ಮೊದಲ ಸಲ ಡೌನ್‌ಲೋಡ್ ಮಾಡಬೇಕು, ಆಡುವಾಗ ಕಾರ್ಡೂ ಹಾಕಿರಬೇಕು. ಡಬ್ಬದ ಮುಂಭಾಗದಲ್ಲೇ ಅದನ್ನು ಮುದ್ರಿಸಿರುತ್ತಾರೆ.

ಸೇಲ್‌ನಲ್ಲಿ ತುಂಬಿದ ಡಿಜಿಟಲ್ ಲೈಬ್ರರಿ

ಧೂಳಿಲ್ಲ, ಸೆಲ್ ಇಲ್ಲ, ಜಾಗ ಬೇಡ. ಅದಕ್ಕೇ ಇದು ಎಲ್ಲಕ್ಕಿಂತ ಸದ್ದಿಲ್ಲದೆ ಬೆಳೆಯುತ್ತದೆ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ವರ್ಷಕ್ಕೆ ನಾಲ್ಕು ದೊಡ್ಡ ಸೇಲ್. ಎಪಿಕ್ ಸ್ಟೋರ್ 2018ರ ಡಿಸೆಂಬರಿನಿಂದ ಉಚಿತ ಗೇಮ್‌ಗಳನ್ನು ಹಂಚುತ್ತಿದೆ. ಒಂದಕ್ಕಾಗಿ ಬಂಡಲ್ ಕೊಂಡು ಉಳಿದ ಏಳು ಪಟ್ಟಿಗೆ ಸೇರುತ್ತವೆ. ಸಂಜೆ ಕೂತಾಗ ನಾನೂರು ಹೆಸರುಗಳನ್ನು ಮೇಲೆ ಕೆಳಗೆ ಸರಿಸಿ, ಒಂದನ್ನೂ ತೆರೆಯದೆ ಏಳುತ್ತೀರಿ. ಆಟ ಬರಲು ಒಂದೇ ನಿಮಿಷ ಸಾಕಾದರೂ ಯಾವುದೆಂದು ಆರಿಸಲು ಅರ್ಧ ಗಂಟೆ.

ಇದಕ್ಕೆ ನಮಗೆ ಸಿಕ್ಕ ಒಳ್ಳೆಯ ಅಂಕುಶ ಸ್ಟೀಮ್‌ನ ರೀಫಂಡ್ ನಿಯಮವೇ: ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್. ಮುಂದಿನ 14 ದಿನದಲ್ಲಿ ಆ ಆಟಕ್ಕೆ ಒಂದೂವರೆ ಗಂಟೆ ಬಿಡುವು ಕಾಣದಿದ್ದರೆ ಈಗ ಕೊಳ್ಳಬೇಡಿ, ವಿಶ್‌ಲಿಸ್ಟ್‌ಗೆ ಹಾಕಿ. ಬೆಲೆ ಇಳಿದಾಗ ಮೇಲ್ ಬರುತ್ತದೆ, ಸೇಲೂ ಮತ್ತೆ ಬರುತ್ತದೆ. ಕೊಂಡರೆ ಆ ವಾರವೇ ಆಡಿ, ಹಿಡಿಸದಿದ್ದರೆ ಮುಲಾಜಿಲ್ಲದೆ ವಾಪಸ್ ಮಾಡಿ. ಈಗಾಗಲೇ ಗುಡ್ಡೆ ಬಿದ್ದಿರುವುದಕ್ಕೆ 'ಈಗ' ಎಂಬ ಹೆಸರಿನ ಕಲೆಕ್ಷನ್ ಮಾಡಿ ಅದರಲ್ಲಿ ಐದೇ ಐದು ಇಟ್ಟು, ಆಡಲಾರೆ ಎಂದು ಖಚಿತವಾದವನ್ನು ಲೈಬ್ರರಿಯಿಂದ ಮರೆಮಾಡಿ. ಮರೆಮಾಡಿದರೆ ಅಳಿಸಿದಂತಲ್ಲ, ಬೇಕಾದಾಗ ಹಿಂದಕ್ಕೆ ತರಬಹುದು.

ಉಳಿವಿನ ವಿಷಯದಲ್ಲಿ ಮಾತ್ರ ಇದು ದುರ್ಬಲ. ನಿಂಟೆಂಡೊದ ಆನ್‌ಲೈನ್ ಅಂಗಡಿ ವೀ ಶಾಪ್ 2019ರ ಜನವರಿಯಲ್ಲಿ ಮುಚ್ಚಿತು, ವೀ ಯು ಮತ್ತು 3ಡಿಎಸ್ ಇಶಾಪ್‌ಗಳಲ್ಲಿ ಖರೀದಿ 2023ರ ಮಾರ್ಚ್ 27ಕ್ಕೆ ನಿಂತಿತು, ಎಕ್ಸ್‌ಬಾಕ್ಸ್ 360ರ ಸ್ಟೋರ್ 2024ರ ಜುಲೈ 29ಕ್ಕೆ. ಇನ್ನು ಸದಾ ಆನ್‌ಲೈನ್ ಇರಬೇಕಾದ 'ದಿ ಕ್ರೂ' ಗೇಮ್‌ನ ಸರ್ವರುಗಳು 2024ರ ಮಾರ್ಚ್ 31ಕ್ಕೆ ನಿಂತಾಗ ಡಿಸ್ಕ್ ಕೈಯಲ್ಲಿದ್ದವರೂ ಆಡಲಾಗಲಿಲ್ಲ. ಸದಾ ಇಟ್ಟುಕೊಳ್ಳಬೇಕೆನಿಸುವ ಹತ್ತಿಪ್ಪತ್ತು ಗೇಮ್ ಇದ್ದರೆ ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಆಫ್‌ಲೈನ್ ಇನ್‌ಸ್ಟಾಲರ್ (ನೆಟ್ ಇಲ್ಲದೆಯೂ ಗೇಮ್ ಹಾಕಿಕೊಳ್ಳುವ ಫೈಲ್) ಸಿಗುತ್ತದೆಯೇ ನೋಡಿ. ಸಿಕ್ಕಿದರೆ ಎರಡು ಡ್ರೈವ್‌ಗಳಲ್ಲಿ ಇಟ್ಟುಕೊಳ್ಳಿ, ಒಂದೇ ಡ್ರೈವ್ ನಂಬಬೇಡಿ.

ಚಂದಾ

ತಿಂಗಳ ಶುಲ್ಕ ಕಟ್ಟಿ ಕ್ಯಾಟಲಾಗ್‌ನಲ್ಲಿರುವ ಗೇಮ್‌ಗಳನ್ನು ಆಡುವುದು ಸಂಗ್ರಹವೇ ಅಲ್ಲ, ನಿಜ. ಆದರೆ ಸಂಗ್ರಹದಿಂದ ದಣಿದವರಿಗೆ ಒಂದೆರಡು ತಿಂಗಳ ವಿರಾಮವಾಗಿ ಚೆನ್ನಾಗಿ ಒದಗುತ್ತದೆ. ಕೊಂಡಿದ್ದೇವಲ್ಲ ಎಂಬ ಋಣವಿಲ್ಲದೆ ಅರ್ಧ ಗಂಟೆ ಆಡಿ ಬಿಡಬಹುದು. ಎಡವಟ್ಟಾಗುವುದು ಗೇಮ್ ಕ್ಯಾಟಲಾಗ್ ಬಿಟ್ಟು ಹೋಗುವಾಗ: ಐವತ್ತು ಗಂಟೆಯ ಕಥೆಯ ಆಟವನ್ನು ಇಲ್ಲಿ ಶುರುಮಾಡುವ ಮುಂಚೆ 'ಶೀಘ್ರದಲ್ಲೇ ಹೊರಡುವವು' ಪಟ್ಟಿ ನೋಡಿಕೊಳ್ಳಿ.

ಮಿತಿ ಹಾಕಿದ ಚಿಕ್ಕ ಕಪಾಟು

ಮೂರು ಪ್ರಶ್ನೆಗೂ ಸರಿಯಾದ ಉತ್ತರ ಕೊಟ್ಟದ್ದು ಇದೊಂದೇ. ಕಪಾಟಿನಲ್ಲಿ 40 ಜಾಗ. ಒಂದು ಒಳಗೆ ಬಂದರೆ ಒಂದು ಹೊರಗೆ. ಒಳಗೆ ಬರಬೇಕಾದರೆ ಅದನ್ನು ಎಲ್ಲಾದರೂ, ಎರವಲು ತಂದೋ ಚಂದಾದಲ್ಲೋ, ಎರಡು ಗಂಟೆ ಆಡಿರಬೇಕು. ಮತ್ತು ಅದನ್ನು ಆಡುವ ಕನ್ಸೋಲ್ ಟಿವಿಗೆ ಹೊಂದಿಸಿಯೇ ಇರಬೇಕು. ಈ ಕೊನೆಯ ಷರತ್ತು ಚಿಕ್ಕದಾಗಿ ಕಂಡರೂ ಬಹಳ ಕೆಲಸ ಮಾಡುತ್ತದೆ. ಪೆಟ್ಟಿಗೆಯೊಳಗಿರುವ ಕನ್ಸೋಲಿನ ಗೇಮ್ ಯಾರೂ ಆಡುವುದಿಲ್ಲ. ಕೇಬಲ್ ಹುಡುಕುವಷ್ಟರಲ್ಲಿ ಆಸೆ ಆರಿರುತ್ತದೆ.

40ಕ್ಕೆ ಸಾಲದು ಎನಿಸುವವರು ಎವರ್‌ಡ್ರೈವ್‌ನಂಥ, ಎಸ್‌ಡಿ ಕಾರ್ಡಿನಿಂದ ಹಲವು ಗೇಮ್ ನಡೆಸುವ ಫ್ಲ್ಯಾಶ್ ಕಾರ್ಟ್ರಿಜ್ ಇಟ್ಟುಕೊಳ್ಳಬಹುದು, ಅಥವಾ ಡಿಇ10-ನ್ಯಾನೊ ಎಂಬ ಬೋರ್ಡಿನ ಮೇಲೆ ಕಟ್ಟುವ, ಹಳೆಯ ಕನ್ಸೋಲುಗಳನ್ನು ಅನುಕರಿಸುವ ಮಿಸ್ಟರ್ ಯಂತ್ರ. ನಿಮ್ಮ ಬಳಿ ಇರುವ ಕಾರ್ಟ್ರಿಜ್‌ಗಳನ್ನೇ ರೀಡರ್‌ನಿಂದ ನಕಲು ಮಾಡಿ ಎಸ್‌ಡಿ ಕಾರ್ಡಿಗೆ ಹಾಕಿದರೆ ಮೂಲದ್ದಕ್ಕೆ ಸವೆತವಿಲ್ಲ, ಸೇವ್‌ಗೂ ಬ್ಯಾಕಪ್ ಇರುತ್ತದೆ. ಕೆಲವು ಹಳೆಯ ಫ್ಲ್ಯಾಶ್ ಕಾರ್ಟ್ರಿಜ್‌ಗಳಲ್ಲಿ ಸೇವ್ ಕಾರ್ಡಿಗೆ ಇಳಿಯಬೇಕಾದರೆ ಆಫ್ ಮಾಡುವ ಮುಂಚೆ ರೀಸೆಟ್ ಒತ್ತಲೇಬೇಕು. ಮರೆತರೆ ಇಡೀ ಸಂಜೆಯ ಆಟ ನೀರುಪಾಲು. ಏಳುನೂರು ಗೇಮ್ ಒಟ್ಟಿಗೆ ತುಂಬಿಸಿದರೆ ಮತ್ತದೇ ಪಟ್ಟಿ ಸರಿಸುವ ಕಾಯಿಲೆ. ಇಪ್ಪತ್ತು ಹಾಕಿ, ಒಂದು ಮುಗಿಸಿ, ಒಂದು ಬದಲಿಸಿ.

ನಾವು ನಿಲ್ಲುವುದು ಇಲ್ಲಿ: ಚಿಕ್ಕ ಕಪಾಟು, ಜೊತೆಗೆ 14 ದಿನದ ನಿಯಮ ಹಾಕಿದ ಡಿಜಿಟಲ್ ಖರೀದಿ. ಪೂರ್ತಿ ಸೆಟ್ ಬೇಕೇ ಬೇಕೆಂದರೆ ಚಿಕ್ಕ ಗಡಿ.

ದೊಡ್ಡದನ್ನು ಚಿಕ್ಕದು ಮಾಡುವಾಗ

ಒಂದೇ ದಿನ ಎಲ್ಲ ಮಾರಬೇಡಿ, ಆಮೇಲೆ ಪರಿತಾಪವಾಗುತ್ತದೆ. ಅನುಮಾನದವನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕಿ, ದಿನಾಂಕ ಬರೆದು ಮುಚ್ಚಿ. ಆರು ತಿಂಗಳಲ್ಲಿ ಯಾವುದಕ್ಕಾದರೂ ಪೆಟ್ಟಿಗೆ ತೆರೆದಿರಾ, ಅದು ಕಪಾಟಿಗೆ ವಾಪಸ್. ಉಳಿದದ್ದು ಮಾರಾಟಕ್ಕೆ.

ಮಾರುವ ಮುಂಚೆ ಸೇವ್ ಇಳಿಸಿಕೊಳ್ಳಿ. ಕಾರ್ಟ್ರಿಜ್ ಆದರೆ ಬೋರ್ಡಿನ ಎರಡೂ ಬದಿಯ ಫೋಟೊ ಹಾಕಿ, ಕೊಳ್ಳುವವರು ಅಸಲಿಯೇ ಎಂದು ಕೇಳುವ ಅಗತ್ಯವೇ ಇರುವುದಿಲ್ಲ. ಡಿಸ್ಕ್ ಆದರೆ ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಂಥ ತೂತುಗಳಲ್ಲಿ ಬೆಳಕು ತೂರಿದರೆ ಲೋಹದ ಪದರ ಹಾಳಾಗುತ್ತಿದೆ, ಅದನ್ನು ಬರೆದೇ ಮಾರಿ. ಕನ್ಸೋಲ್ ಆದರೆ ಮೊದಲು ನಿಮ್ಮ ಖಾತೆಯನ್ನು ಅದರಿಂದ ತೆಗೆಯಿರಿ, ಆಮೇಲೆ ಫ್ಯಾಕ್ಟರಿ ರೀಸೆಟ್. ಈ ಕ್ರಮ ತಿರುವುಮುರುವಾದರೆ ಡಿಜಿಟಲ್ ಗೇಮ್‌ಗಳ ಲೈಸೆನ್ಸ್ ಹಳೆಯ ಯಂತ್ರಕ್ಕೇ ಅಂಟಿಕೊಂಡಿರಬಹುದು. ಪಿಎಸ್‌ಪಿಯಂಥ ಕೈ ಯಂತ್ರವಾದರೆ ಬ್ಯಾಟರಿಯ ಮುಚ್ಚಳ ತೆಗೆದು ನೋಡಿ. ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಪಾರ್ಸೆಲ್‌ನಲ್ಲೂ ಹಾಕಬೇಡಿ. ಇ-ತ್ಯಾಜ್ಯ ಪಡೆಯುವ ಕಡೆ ಕೊಟ್ಟು, ಯಂತ್ರವನ್ನು ಬ್ಯಾಟರಿ ಇಲ್ಲದೆಯೇ ಮಾರಿ.