280 ರೂಪಾಯಿಯ ಮಲ್ಟಿಮೀಟರ್: ಬೈಕ್ ವೈರಿಂಗ್ ಜೊತೆ ಮೂರು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಇದು ಬೈಕ್ ವಿಮರ್ಶೆ ಅಲ್ಲ. ಬೈಕ್‌ನ ಡಿಜಿಟಲ್ ಮೀಟರ್ (ಡಿಸ್‌ಪ್ಲೇ) ಕೈಕೊಟ್ಟಾಗ ತಗೊಂಡ ಮಲ್ಟಿಮೀಟರ್‌ನ, ಅಂದರೆ ವೋಲ್ಟ್, ಕರೆಂಟ್ ಅಳೆಯೋ ಸಾಧನದ ವಿಮರ್ಶೆ. ಹಳದಿ ಬಣ್ಣ, ನಡುವೆ ದೊಡ್ಡದೊಂದು ತಿರುಗಿಸೋ ಗುಂಡಿ, ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೊಕ್ಕೆಗೆ ನೇತುಹಾಕಿರುತ್ತಾರಲ್ಲ, ಅದೇ 830 ಮಾದರಿ. 2022ರ ಆಗಸ್ಟ್‌ನಲ್ಲಿ ತುಮಕೂರಿನ ಎಂ.ಜಿ. ರಸ್ತೆಯಲ್ಲಿ 280 ರೂಪಾಯಿಗೆ ತಂದೆ. ತಗೊಳ್ಳೋರು ಬಝರ್ ಇರೋದನ್ನೇ ಕೇಳಿ ತಗೊಳ್ಳಿ. ವೈರ್ ತುಂಡಾಗಿದ್ದು ಹುಡುಕೋಕೆ ಆ ಬೀಪ್ ಸದ್ದೇ ಬೇಕು.

ಗಾಡಿ 125 ಸಿಸಿ, 2020ರ ಬಿಎಸ್6. ಕ್ಯಾತ್ಸಂದ್ರದಿಂದ ವಸಂತನರಸಾಪುರದ ಫ್ಯಾಕ್ಟರಿಗೆ ದಿನಾ ಓಡಾಟ. ಎರಡನೇ ವರ್ಷ ಶುರುವಾಯಿತು ನೋಡಿ ತೊಂದರೆ. ಸೆಲ್ಫ್ ಒತ್ತಿದರೆ ಡಿಸ್‌ಪ್ಲೇ ಪೂರ್ತಿ ಆರಿ ಮತ್ತೆ ಹತ್ತಿಕೊಳ್ಳುತ್ತಿತ್ತು. ಗಡಿಯಾರ 1:00ಕ್ಕೆ ವಾಪಸ್, ಟ್ರಿಪ್ ಸೊನ್ನೆ. ಮನೆ ಬಿಡುವಾಗ ಬೆಳಿಗ್ಗೆ ಏಳೂವರೆ, ಗಾಡಿಯಲ್ಲಿ ಮಾತ್ರ ದಿನಾ ಒಂದು ಗಂಟೆ. ಗ್ಯಾರೇಜಿಗೆ ಹೋದರೆ ಎರಡು ನಿಮಿಷ ನೋಡಿ, "ಮೀಟರ್ ಹೋಗಿದೆ ಸಾರ್, ಹೊಸದು ಹಾಕಿಸ್ಬೇಕು. 4,800 ಆಗುತ್ತೆ" ಅಂದರು. ಒಂದು ವೈರ್ ಕೂಡ ಮುಟ್ಟಿ ನೋಡಲಿಲ್ಲ. ಆ ಸಿಟ್ಟಿಗೇ ಸೀದಾ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ.

ಭಾನುವಾರ ಸೀಟು ಬಿಚ್ಚಿ ಕೂತೆ. ಗುಂಡಿ ಡಿಸಿ 20 ವೋಲ್ಟ್‌ಗೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ತೋರಿಸಿತು. 12.6ರಿಂದ 12.8 ಇದ್ದರೆ ಬ್ಯಾಟರಿ ತುಂಬಿದೆ ಅಂತ. 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಮಗನಿಗೆ ಸೆಲ್ಫ್ ಒತ್ತು ಅಂದೆ. ನಂಬರ್ ಒಂದೇ ಸಲಕ್ಕೆ ಸಿಗೋದಿಲ್ಲ, ಈ ಮಲ್ಟಿಮೀಟರ್ ನಿಧಾನ. ನಾಲ್ಕೈದು ಸಲ ಒತ್ತಿಸಿದ ಮೇಲೆ 11.2 ಕಾಣಿಸಿತು. ಆಗ 10ಕ್ಕಿಂತ ಕೆಳಗೆ ಹೋಗಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಬೇಕಿತ್ತು. ನನ್ನದು ಚೆನ್ನಾಗಿಯೇ ಇತ್ತು.

ಆಮೇಲೆ ಡೂಮ್ (ಹೆಡ್‌ಲೈಟ್ ಕವಚ) ಬಿಚ್ಚಿ ಡಿಸ್‌ಪ್ಲೇ ಕಪ್ಲರ್ (ವೈರುಗಳು ಸೇರೋ ಪ್ಲಾಸ್ಟಿಕ್ ಜೋಡಣೆ) ಹತ್ತಿರ ಅಳೆದೆ. ಕಪ್ಲರ್ ಕಳಚಬಾರದು, ಕಳಚಿದರೆ ಡಿಸ್‌ಪ್ಲೇಗೆ ಕರೆಂಟೇ ಹೋಗೋದಿಲ್ಲವಲ್ಲ. ವೈರ್ ಒಳಗೆ ಹೋಗುವ ಕಡೆಯಿಂದ ಗುಂಡುಸೂಜಿ ಮೆಲ್ಲಗೆ ತೂರಿಸಿ ಅದಕ್ಕೆ ಪ್ರೋಬ್ (ಮಲ್ಟಿಮೀಟರ್ ವೈರಿನ ತುದಿಯ ಮುಳ್ಳು) ಹಿಡಿದೆ. ಸೆಲ್ಫ್ ಒತ್ತಿದಾಗ ಅಲ್ಲಿ 8.4! ಬ್ಯಾಟರಿಯಲ್ಲಿ 11.2 ಇದ್ದಿದ್ದು ದಾರಿಯಲ್ಲಿ 2.8 ಕಳೆದುಕೊಂಡಿತ್ತು. ಡಿಸ್‌ಪ್ಲೇ ಏನು ಮಾಡುತ್ತೆ ಪಾಪ, ಊಟ ಕಮ್ಮಿ ಬಿದ್ದರೆ ಕಣ್ಣು ಮುಚ್ಚುತ್ತೆ.

ಈಗ ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಫ್ರೇಮಿನಲ್ಲಿ ಬಣ್ಣ ಹೋಗಿರೋ ಜಾಗಕ್ಕೆ. ಎರಡೂ ನೆಗೆಟಿವ್ವೇ ಆದ್ದರಿಂದ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಸೆಲ್ಫ್ ಒತ್ತಿದರೆ ಬಂದಿದ್ದು 2.8. ಕಳ್ಳ ಸಿಕ್ಕಿದ. ಅರ್ತ್ ಬೋಲ್ಟ್ (ಬ್ಯಾಟರಿಯ ನೆಗೆಟಿವ್ ವೈರನ್ನು ಫ್ರೇಮಿಗೆ ಕೂರಿಸೋ ಬೋಲ್ಟ್) ಬಿಚ್ಚಿದರೆ ವೈರ್ ತುದಿಯ ಲಗ್ಗಿನ ಕೆಳಗೆ ಹಸಿರು ಮಿಶ್ರಿತ ಬಿಳಿ ಪುಡಿ, ಹಳೆ ನಲ್ಲಿಗೆ ಕಟ್ಟುತ್ತಲ್ಲ ಹಾಗೆ. ವಾರ ವಾರ ವಾಟರ್ ಸರ್ವಿಸ್ ಮಾಡಿಸಿದ್ದರ ಫಲ. ಉಪ್ಪುಕಾಗದದಲ್ಲಿ ತಾಮ್ರ ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದೆ. ಮತ್ತೆ ಅಳೆದರೆ 0.1. ಮಂದವಾಗಿದ್ದ ಸೆಲ್ಫ್ ಕೂಡ ಚುರುಕಾಯಿತು. ಗಡಿಯಾರ ಅವತ್ತಿನಿಂದ ಇವತ್ತಿನವರೆಗೂ ಸರಿಯಾದ ಟೈಮ್ ತೋರಿಸುತ್ತಿದೆ. ಖರ್ಚು ಎಂಟು ರೂಪಾಯಿಯ ಉಪ್ಪುಕಾಗದ.

ಮಾರನೇ ವರ್ಷ ಮಳೆಗಾಲದಲ್ಲಿ ಬೇರೆ ಆಟ. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಡಿಸ್‌ಪ್ಲೇ ಮಾಯ, ನೇರ ಮಾಡಿದರೆ ವಾಪಸ್. ಇಂಥದ್ದಕ್ಕೆ ಬಝರ್, ವೈರ್ ತುಂಡಾಗದೆ ಇದ್ದರೆ ಬೀಪ್ ಅನ್ನುತ್ತೆ. ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು, ಒಂದೊಂದೇ ವೈರಿನ ಎರಡೂ ತುದಿಗೆ ಪ್ರೋಬ್ ಸಿಕ್ಕಿಸಿ ಹ್ಯಾಂಡಲ್ ಆಡಿಸುತ್ತಾ ಹೋದೆ. ಮೂರನೇ ವೈರ್ ಎಡಕ್ಕೆ ಹೋದ ಕೂಡಲೇ ಬೀಪ್ ನಿಲ್ಲಿಸಿತು. ಹ್ಯಾಂಡಲ್ ಕುತ್ತಿಗೆ ಹತ್ತಿರ ಕೇಬಲ್ ಟೈ ಬಿಗಿಯಾಗಿ ಎಳೆದಿದ್ದರು. ಅಲ್ಲೇ ಮಡಚಿ ಮಡಚಿ ಒಳಗಿನ ತಾಮ್ರ ತುಂಡಾಗಿತ್ತು, ಮೇಲಿನ ಪ್ಲಾಸ್ಟಿಕ್ ಮಾತ್ರ ಹೊಸದರ ಹಾಗೆ ಇತ್ತು. ಕಣ್ಣಲ್ಲಿ ನೋಡಿ ಸಿಗುವಂಥದ್ದಲ್ಲ. ಸಾಲ್ಡರ್ ಮಾಡಿಸಿ, ಸ್ಲೀವ್ ಹಾಕಿಸಿ, ಈ ಸಲ ಸ್ವಲ್ಪ ಸಡಿಲ ಬಿಟ್ಟು ಕಟ್ಟಿದೆ.

ಇಷ್ಟು ಹೊಗಳಿದ ಮೇಲೆ ಇದು ನನಗೆ ಟೋಪಿ ಹಾಕಿದ್ದನ್ನೂ ಹೇಳಬೇಕು. 2024ರಲ್ಲಿ ಸುಮ್ನೆ ಚಾರ್ಜಿಂಗ್ ನೋಡೋಣ ಅಂತ ಇಂಜಿನ್ ರೈಸ್ ಮಾಡಿ ಅಳೆದರೆ 15.6. ಸಾಮಾನ್ಯವಾಗಿ 13.5ರಿಂದ 14.5ರ ಒಳಗೆ ಇರಬೇಕು. 15 ದಾಟಿದರೆ ಬ್ಯಾಟರಿ, ಬಲ್ಬು, ಡಿಸ್‌ಪ್ಲೇ ಎಲ್ಲಕ್ಕೂ ಅಪಾಯ. ಗಾಬರಿಯಲ್ಲಿ 1,150 ಕೊಟ್ಟು ಹೊಸ ರೆಕ್ಟಿಫೈಯರ್ (ಚಾರ್ಜಿಂಗ್ ವೋಲ್ಟ್ ಹಿಡಿತದಲ್ಲಿ ಇಡೋ ಭಾಗ) ತಂದು ಹಾಕಿದೆ. ಆಗಲೂ 15.6. ಬಿ.ಎಚ್. ರಸ್ತೆಯ ಬ್ಯಾಟರಿ ಅಂಗಡಿಯವರು ತಮ್ಮ ಮೀಟರ್ ಇಟ್ಟರೆ 14.2. ಅವರು ನಕ್ಕು, "ನಿಮ್ಮ ಮೀಟರ್ ಒಳಗಿನ ಬ್ಯಾಟರಿ ಯಾವಾಗ ಬದಲಾಯಿಸಿದ್ರಿ ಸಾರ್?" ಅಂದರು. ಬದಲಾಯಿಸಿಯೇ ಇರಲಿಲ್ಲ. ಈ ಅಗ್ಗದ ಮೀಟರ್‌ಗಳಲ್ಲಿ ಒಳಗಿನ 9 ವೋಲ್ಟ್ ಬ್ಯಾಟರಿ ಇಳಿದರೆ ರೀಡಿಂಗ್ ಜಾಸ್ತಿ ತೋರಿಸುತ್ತದೆ. ಹೊಸದು ಹಾಕಿದ ಮೇಲೆ ನನ್ನದರಲ್ಲೂ 14.2 ಬಂತು. ರೆಕ್ಟಿಫೈಯರ್ ವಾಪಸ್ ತಗೊಳ್ಳಲಿಲ್ಲ, ಎಲೆಕ್ಟ್ರಿಕಲ್ ಐಟಂ ಅಲ್ವಾ. ಹಳೇದು ಈಗಲೂ ಕಪಾಟಿನಲ್ಲಿ ಕೂತಿದೆ. ಈಗ ಏನೇ ಅಳೆಯೋ ಮುಂಚೆ ಒಂದು ಹೊಸ ಪೆನ್ಸಿಲ್ ಸೆಲ್ ಅಳೆದು ನೋಡುತ್ತೇನೆ. 1.5, 1.6 ಬಂದರೆ ನಂಬುತ್ತೇನೆ. 1.8 ಬಂದರೆ ಅದರ ಮಾತು ಕೇಳೋದಿಲ್ಲ.

ಬೇರೆ ಕೊರತೆಗಳೂ ಇವೆ. ಲೈಟ್ ಇಲ್ಲ, ಕತ್ತಲಲ್ಲಿ ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಳ್ಳಬೇಕು. ಪ್ರೋಬ್ ವೈರ್ ಒಂದೇ ವರ್ಷಕ್ಕೆ ಬುಡದಲ್ಲಿ ಕಿತ್ತು ಬಂತು. ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿಗೆ ಹಾಕಿ ಮರೆತು ಬ್ಯಾಟರಿಗೆ ಹಿಡಿಯಲೇಬೇಡಿ. ಅದು ನೇರ ಶಾರ್ಟ್. ನನ್ನ ಮಗ ಹಿಡಿದ, ಪಟ್ ಅಂತ ಕಿಡಿ ಹಾರಿ ಪ್ರೋಬ್ ತುದಿ ಕರಗಿತು. ಪುಣ್ಯಕ್ಕೆ ಕೈಗೆ ಏನೂ ಆಗಲಿಲ್ಲ. ಸ್ಪೀಡ್ ಸೆನ್ಸರ್ ನೋಡೋಕೂ ಇದು ಅಷ್ಟಕ್ಕಷ್ಟೇ. ಚಕ್ರ ಜೋರಾಗಿ ತಿರುಗಿದರೆ ಏನೋ ಅರ್ಧಂಬರ್ಧ ನಂಬರ್ ತೋರಿಸುತ್ತದೆ. ಕೈಯಲ್ಲಿ ಇಂಚಿಂಚೇ ತಿರುಗಿಸಿದರೆ ಮಾತ್ರ ವೋಲ್ಟ್ ಬರೋದು ಹೋಗೋದು ಕಾಣುತ್ತದೆ.

ಆದರೂ ಬಲ್ಬ್ ಟೆಸ್ಟರ್‌ಗಿಂತ ಇದು ಎಷ್ಟೋ ವಾಸಿ. ಹಳೇ ಕಾರ್ಬುರೇಟರ್ ಗಾಡಿಗಳಿಗೆ ಬಲ್ಬ್ ಹಚ್ಚಿ ನೋಡಿದರೆ ನಡೆಯುತ್ತಿತ್ತು. ಇಂಜೆಕ್ಷನ್ ಗಾಡಿಯ ಇಸಿಯು (ಇಂಜಿನ್ ನಡೆಸೋ ಪುಟ್ಟ ಕಂಪ್ಯೂಟರ್) ವೈರಿಗೆ ಬಲ್ಬ್ ಹಚ್ಚಿದರೆ ಅದು ಎಳೆಯೋ ಕರೆಂಟಿಗೆ ಇಸಿಯು ಕೆಡಬಹುದು. ಮಲ್ಟಿಮೀಟರ್ ಎಳೆಯೋದು ಇಲ್ಲ ಅನ್ನುವಷ್ಟು ಕಮ್ಮಿ.

ಉಳಿದಿರೋದು ಡಿಸ್‌ಪ್ಲೇಯಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ತೋರಿಸೋ ಕಡ್ಡಿಗಳ ಸಮಸ್ಯೆ. ಟ್ಯಾಂಕ್ ಖಾಲಿ ಮಾಡಿ ಫ್ಲೋಟ್ (ಪೆಟ್ರೋಲ್ ಮಟ್ಟ ಅಳೆಯೋ ತೇಲುಗುಂಡು) ಹೊರಗೆ ತೆಗೆದು, ಮಲ್ಟಿಮೀಟರನ್ನು ಓಮ್ಸ್‌ಗೆ (ರೆಸಿಸ್ಟೆನ್ಸ್ ಅಳತೆಗೆ) ಇಟ್ಟು ಕೈಯಲ್ಲಿ ಮೇಲೆ ಕೆಳಗೆ ಆಡಿಸಿದೆ. ನಂಬರ್ ಮೆಲ್ಲಗೆ ಏರಿ ಇಳಿಯಬೇಕು. ನನ್ನದರಲ್ಲಿ ನಡುವೆ ಒಂದು ಕಡೆ ನಂಬರ್ ಹೋಗಿ ಎಡಗಡೆ ಬರೀ "1" ನಿಲ್ಲುತ್ತದೆ. ಅಂದರೆ ಆ ಜಾಗದಲ್ಲಿ ಸವೆದು ಸಂಪರ್ಕ ತಪ್ಪಿದೆ. ಫ್ಲೋಟ್ ಬದಲಾಯಿಸಬೇಕು, ಇನ್ನೂ ಬದಲಾಯಿಸಿಲ್ಲ. ಟ್ರಿಪ್ ನೋಡಿ ಪೆಟ್ರೋಲ್ ಹಾಕಿಸುತ್ತೇನೆ. ದೇವರಾಯನದುರ್ಗದ ಏರಿನಲ್ಲಿ ಟ್ಯಾಂಕ್ ಅರ್ಧಕ್ಕೆ ಬಂದಿದ್ದರೆ ಕಡ್ಡಿಗಳೆಲ್ಲ ಒಟ್ಟಿಗೆ ಆರಿ ಮಿಣಮಿಣ ಅನ್ನುತ್ತವೆ. ಹಿಂದೆ ಕೂತ ಹೆಂಡತಿ, "ರೀ, ಪೆಟ್ರೋಲ್ ಖಾಲಿ ಆಗಿದೆ ನೋಡಿ" ಅಂತ ಬೆನ್ನು ತಟ್ಟುತ್ತಾಳೆ. ಮುಂದಿನ ತಿರುವಿಗೆ ಮೂರು ಕಡ್ಡಿ ವಾಪಸ್ ಬಂದಿರುತ್ತವೆ.