ವೇವ್‌ಲೈಟ್ ವಿಮರ್ಶೆ: ಸಮಯ ತೆಗೆಯಲು ಸೊಗಸು, ಓಟಗಾರರನ್ನು ತೂಗಲು ಸಾಲದು

ವಿಶ್ವದ ಪ್ರಮುಖ ಅಥ್ಲೆಟಿಕ್ಸ್ ಸರಣಿಯಾದ ಡೈಮಂಡ್ ಲೀಗ್‌ನ ಕೂಟಗಳಲ್ಲಿ ದೂರದ ಓಟ ನೋಡುವವರಿಗೆ ಟ್ರ್ಯಾಕಿನ ಒಳಅಂಚಿನಲ್ಲಿ ಓಟಗಾರರ ಜೊತೆಗೇ ಹರಿಯುವ ಬೆಳಕು ಪರಿಚಿತ. ಅದೇ ವೇವ್‌ಲೈಟ್, ಓಡಬೇಕಾದ ವೇಗ ತೋರಿಸುವ ದೀಪದ ಸಾಲು. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಈ ವ್ಯವಸ್ಥೆಯ ಹಿಂದಿರುವವರಲ್ಲಿ 2006ರ ಯುರೋಪಿಯನ್ 800 ಮೀಟರ್ ಚಾಂಪಿಯನ್ ಬ್ರಾಮ್ ಸೋಮ್ ಒಬ್ಬರು. 2020ರ ಆಗಸ್ಟ್ 14ರಂದು ಮೊನಾಕೊದಲ್ಲಿ ಉಗಾಂಡಾದ ಜೋಶುವಾ ಚೆಪ್ಟೆಗೈ ಈ ಬೆಳಕಿನ ಜೊತೆ ಓಡಿ 5,000 ಮೀಟರನ್ನು 12 ನಿಮಿಷ 35.36 ಸೆಕೆಂಡಿನಲ್ಲಿ ಮುಗಿಸಿದರು. 2004ರಿಂದ ಯಾರೂ ಮುಟ್ಟದಿದ್ದ ಕೆನೆನಿಸಾ ಬೆಕೆಲೆಯ 12:37.35 ಅಂದು ಮುರಿಯಿತು. ಅಕ್ಟೋಬರ್ 7ರಂದು ವೆಲೆನ್ಸಿಯಾದಲ್ಲಿ ಒಂದೇ ರಾತ್ರಿ ಎರಡು ವಿಶ್ವದಾಖಲೆ ಬಂದವು: 10,000 ಮೀಟರ್‌ನಲ್ಲಿ ಚೆಪ್ಟೆಗೈ 26:11.00, ಮಹಿಳೆಯರ 5,000 ಮೀಟರ್‌ನಲ್ಲಿ ಇಥಿಯೋಪಿಯಾದ ಲೆಟೆಸೆನ್‌ಬೆಟ್ ಗಿಡೆ 14:06.62.

ಮಾಡುತ್ತೇನೆಂದು ಹೇಳುವ ಕೆಲಸವನ್ನು ಈ ಸಾಧನ ಅಚ್ಚುಕಟ್ಟಾಗಿ ಮಾಡುತ್ತದೆ. ಆದರೆ ಇದು ಬಂದ ಮೇಲೆ ದಾಖಲೆ ಪಟ್ಟಿಯನ್ನು ಓದುವ ಕ್ರಮವನ್ನೇ ಬದಲಿಸಿಕೊಳ್ಳಬೇಕಾಗಿದೆ. ಎರಡನ್ನೂ ಸೇರಿಸಿ ಹೇಳದಿದ್ದರೆ ಈ ವಿಮರ್ಶೆ ಅರ್ಧವಾಗುತ್ತದೆ.

ಮೊದಲು ಕೆಲಸದ ಬಗೆ. ಟ್ರ್ಯಾಕಿನ ಒಳಅಂಚಿನ ಉದ್ದಕ್ಕೂ ಮೀಟರಿಗೊಂದರಂತೆ ಸುಮಾರು 400 ಎಲ್‌ಇಡಿ ದೀಪಗಳು. ಬೇಕಾದ ವೇಗವನ್ನು ಮೊದಲೇ ಕಂಪ್ಯೂಟರಿಗೆ ಕೊಟ್ಟಿರುತ್ತಾರೆ; ಓಟ ಶುರುವಾದೊಡನೆ ಬೆಳಕೂ ಹೊರಡುತ್ತದೆ. ಮೊನಾಕೊದ ಲೆಕ್ಕವನ್ನೇ ಹಿಡಿಯಿರಿ. 12:35.36 ಎಂದರೆ 755.36 ಸೆಕೆಂಡು; ಹನ್ನೆರಡೂವರೆ ಸುತ್ತಿಗೆ ಭಾಗಿಸಿದರೆ ಸುತ್ತಿಗೆ 60.43 ಸೆಕೆಂಡು, ಅಂದರೆ ಸೆಕೆಂಡಿಗೆ 6.62 ಮೀಟರ್. ಬೆಳಕು ಒಂದು ದೀಪದಿಂದ ಮುಂದಿನದಕ್ಕೆ ದಾಟಲು 0.15 ಸೆಕೆಂಡು. ಬೆಕೆಲೆಯ ಹಳೆಯ ದಾಖಲೆಯ ವೇಗ ಸುತ್ತಿಗೆ 60.59. ಒಂದು ಸುತ್ತಿನಲ್ಲಿ ಇವೆರಡರ ನಡುವಿನ ಅಂತರ 0.16 ಸೆಕೆಂಡು, ಹೆಚ್ಚುಕಡಿಮೆ ಒಂದು ದೀಪದಷ್ಟು. ಇಷ್ಟು ಸಣ್ಣ ವ್ಯತ್ಯಾಸವನ್ನು ಯಾವ ಪೇಸ್‌ಮೇಕರ್ (ಉಳಿದವರಿಗೆ ವೇಗ ಹಿಡಿದುಕೊಡಲು ಆರಂಭದಲ್ಲಿ ಮುಂದೆ ಓಡುವವನು) ಕೂಡ ಕಾಲಿನ ಅಂದಾಜಿನಿಂದ ಹಿಡಿಯಲಾರ.

ಇದರ ನಿಜವಾದ ಬೆಲೆ ಅಲ್ಲೇ ಇದೆ. ಬೆಳಕಿಲ್ಲದ ಓಟದಲ್ಲಿ ಪೇಸ್‌ಮೇಕರ್ ಮೊದಲ ಸುತ್ತನ್ನು 59ರಲ್ಲಿ ಓಡಿ ಮುಂದಿನದನ್ನು 62ಕ್ಕೆ ಇಳಿಸುವುದು ಮಾಮೂಲು. ಸರಾಸರಿ ಸರಿಹೋದರೂ ಹಿಂದಿರುವವನ ದೇಹಕ್ಕೆ ಅದು ಸರಿಹೋಗುವುದಿಲ್ಲ. ಬೇಗ ಓಡಿದ ಸುತ್ತಿನಲ್ಲಿ ರಕ್ತದಲ್ಲಿ ಏರಿದ ಲ್ಯಾಕ್ಟೇಟ್ (ಸ್ನಾಯುಗಳು ಜೋರಾಗಿ ದುಡಿದಾಗ ಸೇರುವ ವಸ್ತು) ನಿಧಾನದ ಸುತ್ತಿನಲ್ಲಿ ಅಷ್ಟೇ ಬೇಗ ಇಳಿಯುವುದಿಲ್ಲ. ಇನ್ನು ಪೇಸ್‌ಮೇಕರ್ ಪಕ್ಕಕ್ಕೆ ಸರಿದ ಮೇಲೆ ಓಟಗಾರ ಒಬ್ಬನೇ. ಸುತ್ತಿಗೊಮ್ಮೆ ಗಡಿಯಾರ ನೋಡಿ ತಪ್ಪು ತಿಳಿಯುವ ಹೊತ್ತಿಗೆ 400 ಮೀಟರ್ ಕಳೆದಿರುತ್ತದೆ. ವೇವ್‌ಲೈಟ್ ಆ ಮಾಹಿತಿಯನ್ನು ಪ್ರತಿ ಹೆಜ್ಜೆಗೂ ಕೊಡುತ್ತದೆ. ಮೊನಾಕೊದಲ್ಲಿ ಸುಮಾರು ಅರ್ಧ ದಾರಿಗೆ ಪೇಸ್‌ಮೇಕರ್‌ಗಳು ಪಕ್ಕಕ್ಕೆ ಸರಿದಿದ್ದರು. ಉಳಿದರ್ಧವನ್ನು ಚೆಪ್ಟೆಗೈ ಬೆಳಕಿನ ಜೊತೆಗೇ ಓಡಿದರು.

ಕೂಟ ನಡೆಸುವವರು ತಿಳಿದಿರಬೇಕಾದ ಮಿತಿಗಳೂ ಇವೆ. ಬೆಳಕು ಒಳಅಂಚಿನಲ್ಲಿ ಓಡುತ್ತದೆ, ಎಲ್ಲ ಓಟಗಾರರೂ ಅಲ್ಲಿ ಓಡುವುದಿಲ್ಲ. ಮೊದಲ ಲೇನಿನ 400 ಮೀಟರನ್ನು ಅಂಚಿನಿಂದ 30 ಸೆಂಟಿಮೀಟರ್ ಹೊರಗೆ ಅಳೆದಿರುತ್ತಾರೆ. ಅಲ್ಲಿಂದ ಒಂದು ಮೀಟರ್ ಹೊರಗೆ ಸರಿದು ಪೂರ್ತಿ ಸುತ್ತು ಓಡಿದವನು 6.28 ಮೀಟರ್ ಹೆಚ್ಚು ಓಡುತ್ತಾನೆ. ಬೆಳಕಿನ ಸಮಕ್ಕೇ ಇದ್ದರೂ ಅವನ ದುಡಿಮೆ ಹೆಚ್ಚು. ಗಾಳಿಯ ಲೆಕ್ಕ ಬೆಳಕಿಗಿಲ್ಲ. ಎದುರುಗಾಳಿಯ ನೇರದಲ್ಲಿ ಅದಕ್ಕೆ ಅಂಟಿಕೊಂಡು ಓಡಿದರೆ ಶಕ್ತಿ ಪೋಲು. ಅಲ್ಲಿ ಒಂದೆರಡು ಮೀಟರ್ ಬಿಟ್ಟುಕೊಟ್ಟು ಇನ್ನೊಂದು ನೇರದಲ್ಲಿ ಹಿಡಿಯುವುದೇ ಸರಿ. ಮುಖ್ಯವಾದದ್ದು, ಬೆಳಕು ಯಾರಿಗಾಗಿ ಎಂಬುದು ಮೊದಲೇ ಗೊತ್ತಿರಬೇಕು. ಪೇಸ್‌ಮೇಕರ್‌ಗೆ ಹೊಂದಿಸಿದರೆ ಮೂರನೆಯವನಾಗಿ ಓಡುತ್ತಿರುವ ದಾಖಲೆಯ ಆಕಾಂಕ್ಷಿ ಬೆಳಕಿಗಿಂತ ನಾಲ್ಕೈದು ಮೀಟರ್ ಹಿಂದೆಯೇ ಇರುತ್ತಾನೆ. ಈ ವೇಗದಲ್ಲಿ ಅದು ಮುಕ್ಕಾಲು ಸೆಕೆಂಡಿನಷ್ಟು. ಒಂದಕ್ಕಿಂತ ಹೆಚ್ಚು ಬಣ್ಣ ಬಿಡುವ ಸೌಲಭ್ಯ ಇರುವುದರಿಂದ ಪೇಸ್‌ಮೇಕರ್‌ಗೆ ಒಂದು, ದಾಖಲೆಯ ಗೆರೆಗೆ ಇನ್ನೊಂದು ಇಡುವುದು ಒಳ್ಳೆಯದು. ಯಾವ ಬಣ್ಣ ಯಾವುದಕ್ಕೆಂದು ಓಟಗಾರರಿಗೂ ಪ್ರೇಕ್ಷಕರಿಗೂ ಮೊದಲೇ ಹೇಳಿಬಿಡಬೇಕು.

ತಡೆಗಳನ್ನೂ ನೀರಿನ ಹೊಂಡವನ್ನೂ ದಾಟುತ್ತ ಓಡುವ 3,000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ತೊಡಕು ಇನ್ನೂ ಜಾಸ್ತಿ. ನೀರಿನ ಹೊಂಡ ಟ್ರ್ಯಾಕಿನ ಒಳಗಿದ್ದರೆ ಸುತ್ತು ಸುಮಾರು 396 ಮೀಟರ್, ಹೊರಗಿದ್ದರೆ ಸುಮಾರು 419. ಹೊಂಡದ ಕಡೆ ತಿರುಗಿದಾಗ ಓಟಗಾರರು ದೀಪದ ಸಾಲನ್ನು ಬಿಟ್ಟೇ ಹೋಗುತ್ತಾರೆ. ಅದರ ಮೇಲೆ, ಆರಂಭದ ತುಂಡಿನಲ್ಲಿ ತಡೆಗಳೇ ಇರುವುದಿಲ್ಲ. ಆಮೇಲೆ 28 ತಡೆ, 7 ನೀರಿನ ಜಿಗಿತ. ಸಮವೇಗದ ಬೆಳಕು ಇಲ್ಲಿ ಸ್ಥೂಲ ಸೂಚನೆ ಮಾತ್ರ. ನೇರ ಭಾಗದಲ್ಲಿ ಅಂತರ ನೋಡಿಕೊಳ್ಳಬೇಕು, ಹೊಂಡದ ತಿರುವಿನಲ್ಲಿ ಅದನ್ನು ಮರೆಯಬೇಕು.

ಬೆಳಕಿನ ಸಮಯಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಪ್ರಶ್ನೆಗೆ ಒಳ್ಳೆಯ ಸಾಕ್ಷಿ ಸಿಗುವುದೂ ಸ್ಟೀಪಲ್‌ಚೇಸ್‌ನಲ್ಲೇ. 2023ರ ಜೂನ್ 9ರಂದು ಪ್ಯಾರಿಸ್ ಡೈಮಂಡ್ ಲೀಗ್‌ನಲ್ಲಿ ಇಥಿಯೋಪಿಯಾದ ಲಮೇಚಾ ಗಿರ್ಮಾ ಬೆಳಕಿನ ಜೊತೆ ಓಡಿ 7:52.11 ತೆಗೆದರು. ಸೈಫ್ ಸಯೀದ್ ಶಾಹೀನ್ 2004ರಲ್ಲಿ ಬರೆದ 7:53.63 ಅಳಿಸಿಹೋಯಿತು. ಮೊರಾಕ್ಕೊದ ಸೂಫಿಯಾನ್ ಎಲ್ ಬಕ್ಕಾಲಿಯ ಅತ್ಯುತ್ತಮ ಸಮಯ 7:56.68, ಅದೂ 2023ರದ್ದೇ. ಸಮಯವನ್ನಷ್ಟೇ ನೋಡಿದರೆ ಗಿರ್ಮಾ ನಾಲ್ಕೂವರೆ ಸೆಕೆಂಡು ಮುಂದೆ, ಟ್ರ್ಯಾಕಿನ ಮೇಲೆ ಸುಮಾರು 29 ಮೀಟರ್.

ಇನ್ನು ಚಿನ್ನದ ಓಟಗಳನ್ನು ನೋಡಿ. ಟೋಕಿಯೊ ಒಲಿಂಪಿಕ್ಸ್: ಎಲ್ ಬಕ್ಕಾಲಿ 8:08.90, ಗಿರ್ಮಾ 8:10.38. 2022ರ ಯೂಜೀನ್ ವಿಶ್ವ ಚಾಂಪಿಯನ್‌ಷಿಪ್: 8:25.13, 8:26.01. ದಾಖಲೆಯಾಗಿ ಮೂರೂ ತಿಂಗಳಾಗದ 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್: 8:03.53, 8:05.44. ಮೂರು ಸಲವೂ ಎಲ್ ಬಕ್ಕಾಲಿಗೆ ಚಿನ್ನ, ಗಿರ್ಮಾಗೆ ಬೆಳ್ಳಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎಲ್ ಬಕ್ಕಾಲಿ 8:06.05ರಲ್ಲಿ ಮತ್ತೆ ಗೆದ್ದರು. ಗಿರ್ಮಾ ತಡೆಗೆ ತಾಗಿ ಕೆಟ್ಟದಾಗಿ ಬಿದ್ದರು. ಆ ಬೀಳುವಿಕೆಯನ್ನು ಲೆಕ್ಕಕ್ಕೆ ಹಿಡಿಯುವುದು ಅನ್ಯಾಯ. ಆದರೆ ಉಳಿದ ಮೂರನ್ನು ದುರದೃಷ್ಟ ಎನ್ನಲಾಗದು. 8:03ರ ಓಟದಲ್ಲೂ 8:25ರ ಓಟದಲ್ಲೂ ಗೆದ್ದವರು ಒಬ್ಬರೇ ಎಂದರೆ, ವೇಗ ಯಾವುದಾದರೂ ಗೆಲ್ಲುವ ಬಗೆ ಅವರಿಗೆ ಗೊತ್ತಿದೆ. ಈ ಪೀಳಿಗೆಯ ದೊಡ್ಡ ಸ್ಟೀಪಲ್‌ಚೇಸ್ ಓಟಗಾರ ಎಲ್ ಬಕ್ಕಾಲಿಯೇ. ವಿಶ್ವದಾಖಲೆ ಅವರ ಹೆಸರಿನಲ್ಲಿ ಇಲ್ಲದಿರುವುದು ಈ ತೀರ್ಮಾನವನ್ನು ಅಲುಗಿಸುವುದಿಲ್ಲ.

ಕಾರಣ ಸರಳ. ಒಲಿಂಪಿಕ್ಸ್‌ನಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ವೇವ್‌ಲೈಟ್ ಇರುವುದಿಲ್ಲ, ಪೇಸ್‌ಮೇಕರ್ ಇರುವುದಿಲ್ಲ. ತಂಪಾದ ಸಂಜೆಯನ್ನು ಆರಿಸಿಕೊಳ್ಳುವಂತಿಲ್ಲ. ಹೀಟ್ಸ್ (ಪ್ರಾಥಮಿಕ ಸುತ್ತು) ಓಡಿ ದಣಿದ ಕಾಲಿನಲ್ಲೇ ಫೈನಲ್‌ಗೆ ಬರಬೇಕು. ಯಾರು ಯಾವಾಗ ವೇಗ ಏರಿಸುತ್ತಾರೋ ತಿಳಿಯದು. ಬೆಳಕಿನ ಓಟದಲ್ಲಿ ಗುಂಪು ಬೇಗನೆ ಒಂದೇ ಸಾಲಾಗಿ ಎಳೆದುಕೊಳ್ಳುವುದರಿಂದ ಒಳಲೇನಿನಲ್ಲಿ ಸಿಕ್ಕಿಬೀಳುವ ಭಯವಿಲ್ಲ. ಚಾಂಪಿಯನ್‌ಷಿಪ್‌ನಲ್ಲಿ ಎಲ್ಲಿ ನಿಲ್ಲಬೇಕು ಎಂಬುದೇ ಅರ್ಧ ಓಟ. 2012ರ ಲಂಡನ್ ಒಲಿಂಪಿಕ್ಸ್‌ನ 5,000 ಮೀಟರನ್ನು ಬ್ರಿಟನ್ನಿನ ಮೊ ಫರಾ ಗೆದ್ದದ್ದು 13:41.66ರಲ್ಲಿ. ಅವರ ಜೀವಮಾನದ ಉತ್ತಮ ಸಮಯ 12:53.11, ಬೆಕೆಲೆಯ ದಾಖಲೆಗಿಂತ ಹದಿನೈದು ಸೆಕೆಂಡಿಗೂ ಹೆಚ್ಚು ನಿಧಾನ. ಆದರೂ ಲಂಡನ್, ರಿಯೊ ಎರಡರಲ್ಲೂ 5,000 ಮತ್ತು 10,000 ಎರಡೂ ಚಿನ್ನ ಅವರದೇ. ಕೊನೆಯ ಸುತ್ತಿಗೆ ಮುಂಚೆಯೇ ಮುಂದೆ ಬಂದು ಒಳಅಂಚನ್ನು ಬಿಟ್ಟುಕೊಡದೆ, ಹಿಂದಿನವರೆಲ್ಲ ತಿರುವಿನಲ್ಲಿ ಹೊರಗಿನಿಂದ ಸುತ್ತಿ ಬರುವಂತೆ ಮಾಡುವುದು ಅವರ ಪಟ್ಟು. ಮೇಲೆ ಹೇಳಿದ 6.28 ಮೀಟರಿನ ಲೆಕ್ಕವನ್ನು ಎದುರಾಳಿಗಳ ತಲೆಗೆ ಕಟ್ಟುವ ಜಾಣ್ಮೆ ಅದು.

ಚಿನ್ನದ ಪಟ್ಟಿಯೂ ಪೂರ್ತಿ ನಂಬಿಕೆಯದಲ್ಲ. 3,000 ಮೀಟರನ್ನು 1996ರಲ್ಲಿ 7:20.67ಕ್ಕೆ ಓಡಿದ ಡೇನಿಯಲ್ ಕೊಮೆನ್ ಅದೇ ವರ್ಷದ ಕೀನ್ಯಾ ಆಯ್ಕೆ ಓಟದಲ್ಲಿ ನಾಲ್ಕನೆಯವರಾಗಿ ಒಲಿಂಪಿಕ್ಸ್‌ಗೇ ಹೋಗಲಿಲ್ಲ. ಬೆಳಕಿಲ್ಲದ ಕಾಲದ ಆ ಸಮಯವನ್ನು 2024ರವರೆಗೆ, ನಾರ್ವೆಯ ಯಾಕೊಬ್ ಇಂಗೆಬ್ರಿಗ್ಟ್‌ಸನ್ 7:17.55 ಓಡುವವರೆಗೆ, ಯಾರೂ ದಾಟಲಿಲ್ಲ. ಒಂದು ನಿಧಾನದ ಫೈನಲ್‌ನಲ್ಲಿ ಕೊನೆಯ 200 ಮೀಟರ್ ಚೆನ್ನಾಗಿ ಓಡಿದ್ದಕ್ಕೆ ಸಿಕ್ಕ ಒಂದೇ ಚಿನ್ನವನ್ನು ಕೊಮೆನ್‌ನ ಓಟಕ್ಕಿಂತ ಮೇಲೆ ಇಡಲಾಗದು. ಒಂದು ಗೆಲುವು ಆ ದಿನದ್ದು. ನಾಲ್ಕು ವರ್ಷ ಬೇರೆ ಬೇರೆ ವೇಗದಲ್ಲಿ ಬಂದ ಗೆಲುವು ಓಟಗಾರನದ್ದು. ಚಿನ್ನ, ದಾಖಲೆ ಎರಡನ್ನೂ ಒಟ್ಟಿಗೆ ಹಿಡಿದವರು ವಿರಳ. ಕೀನ್ಯಾದ ಫೇಯ್ತ್ ಕಿಪ್ಯೆಗಾನ್ ಹಾಗೆ ಹಿಡಿದವರು: 1,500 ಮೀಟರ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ, ಜೊತೆಗೆ 2025ರ ಜುಲೈ 5ರಂದು ಯೂಜೀನ್‌ನಲ್ಲಿ 3:48.68ರ ವಿಶ್ವದಾಖಲೆ. ಅವರ ವಿಷಯದಲ್ಲಿ ವಾದಕ್ಕೇ ಜಾಗವಿಲ್ಲ.

ಚೆಪ್ಟೆಗೈಯವರನ್ನೂ ಹೀಗೇ ತೂಗಬೇಕು. 26:11ರ ದಾಖಲೆ ಕೈಲಿದ್ದಾಗಲೇ ಟೋಕಿಯೊ ಒಲಿಂಪಿಕ್ಸ್‌ನ 10,000 ಮೀಟರ್‌ನಲ್ಲಿ ಅವರು 27:43.63ರಲ್ಲಿ ಎರಡನೆಯವರಾದರು, ಗೆದ್ದದ್ದು 27:43.22 ಓಡಿದ ಸೆಲೆಮನ್ ಬರೇಗ. 2024ರ ಪ್ಯಾರಿಸ್‌ನಲ್ಲಿ ಇಥಿಯೋಪಿಯಾದ ಮೂವರು ಸರದಿಯಂತೆ ಮುಂದೆ ನಿಂತು ಎಳೆದ ಓಟದಲ್ಲಿ ಹಿಂದಿನ ಒಲಿಂಪಿಕ್ ದಾಖಲೆ 27:01.17ಕ್ಕಿಂತ ಬೇಗ 13 ಜನ ಮುಗಿಸಿದರು. ಚೆಪ್ಟೆಗೈ 26:43.14ರಲ್ಲಿ ಗೆದ್ದರು, ಎರಡು, ಮೂರನೆಯವರು 26:43.44 ಮತ್ತು 26:43.46. ದೀಪವಿಲ್ಲ, ಬಾಡಿಗೆಯ ಪೇಸ್‌ಮೇಕರ್ ಇಲ್ಲ, ಕೊನೆಯ ನೇರದಲ್ಲಿ ಹೋರಾಟ. ವೆಲೆನ್ಸಿಯಾದ ಸಮಯಕ್ಕಿಂತ 32 ಸೆಕೆಂಡು ನಿಧಾನವಾದರೂ ಅವರ ಅತ್ಯುತ್ತಮ 10,000 ಮೀಟರ್ ಇದೇ ಎಂಬುದು ಈ ವಿಮರ್ಶೆಯ ನಿಲುವು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವಿಶ್ವ 10ಕೆ ಗೆದ್ದ ಓಟಗಾರ ಇವರೇ ಎಂದು ನಮ್ಮವರಿಗೆ ನೆನಪಿರಬಹುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿನ ತಿರುವುಗಳ ರಸ್ತೆಯಲ್ಲಿ 27:53. ಗಡಿಯಾರಕ್ಕಷ್ಟೇ ಬೆಲೆ ಕೊಟ್ಟರೆ ಆ ಗೆಲುವು ಕಣ್ಣಿಗೇ ಬೀಳುವುದಿಲ್ಲ.

ಹಾಗಾದರೆ ವೇವ್‌ಲೈಟನ್ನು ನಿಷೇಧಿಸಬೇಕೇ? ಬೇಡ. ದಾಖಲೆ ಪಟ್ಟಿಯಲ್ಲಿ ಒಂದು ಗುರುತು ಸಾಕು. 100 ಮೀಟರ್‌ನಲ್ಲಿ ಬೆನ್ನಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ದಾಖಲೆಗೆ ಲೆಕ್ಕವಿಲ್ಲ. ಮಹಿಳೆಯರ ಮ್ಯಾರಥಾನ್‌ನಲ್ಲಿ ಪುರುಷ ಪೇಸ್‌ಮೇಕರ್‌ಗಳ ಜೊತೆ ಓಡಿದ್ದಕ್ಕೂ ಮಹಿಳೆಯರೇ ಓಡಿದ್ದಕ್ಕೂ ಬೇರೆ ಬೇರೆ ದಾಖಲೆ ಇಡುತ್ತಾರೆ. 2025ರ ಲಂಡನ್ ಮ್ಯಾರಥಾನ್‌ನಲ್ಲಿ ಇಥಿಯೋಪಿಯಾದ ಟಿಗ್ಸ್ಟ್ ಅಸೆಫಾ ಓಡಿದ 2:15:50 ಎರಡನೆಯ ಬಗೆಯದು. ನೆರವಿನ ಬಗೆ ಬೇರೆಯಾದಾಗ ಕಾಲಂ ಬೇರೆ ಮಾಡುವ ಪದ್ಧತಿ ಈಗಾಗಲೇ ಇದೆ. ಬೆಳಕಿನ ಸಮಯಕ್ಕೂ ಅದೇ ಆಗಲಿ. ಬೆಕೆಲೆ, ಶಾಹೀನ್, ಕೊಮೆನ್ ಓಟಗಳಿಗೆ ಆಗ ತಕ್ಕ ಜಾಗ ಸಿಗುತ್ತದೆ.

ನಮ್ಮ ದೇಶದ ಕೂಟಗಳಿಗೆ ಇದು ಬೇಕೇ ಎಂದರೆ ಬೇಕು, ಒಂದೇ ಒಂದು ಕೆಲಸಕ್ಕೆ: ಅರ್ಹತಾ ಸಮಯ. 2025ರ ಮಾರ್ಚ್‌ನಲ್ಲಿ ಭಾರತದ ಗುಲ್ವೀರ್ ಸಿಂಗ್ ಅಮೆರಿಕದ ಸ್ಯಾನ್ ಹುವಾನ್ ಕ್ಯಾಪಿಸ್ಟ್ರಾನೊದಲ್ಲಿ 10,000 ಮೀಟರನ್ನು 27:00.22ಕ್ಕೆ ಮುಗಿಸಿದರು. ವಿಶ್ವ ಚಾಂಪಿಯನ್‌ಷಿಪ್‌ನ ನೇರ ಅರ್ಹತೆಗೆ ಬೇಕಿದ್ದದ್ದು 27:00.00. ಅವರು ತಪ್ಪಿಸಿಕೊಂಡ 0.22 ಸೆಕೆಂಡನ್ನು ದೂರಕ್ಕೆ ಇಳಿಸಿದರೆ ಒಂದೂವರೆ ಮೀಟರೂ ಇಲ್ಲ. ಎರಡು ತಿಂಗಳ ನಂತರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಚಿನ್ನ ಗೆದ್ದದ್ದು 28:38.63ರಲ್ಲಿ. ಸೆಪ್ಟೆಂಬರ್‌ನಲ್ಲಿ ಟೋಕಿಯೊದ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಇನ್ನೂ ನಿಧಾನ: ಫ್ರಾನ್ಸ್‌ನ ಜಿಮ್ಮಿ ಗ್ರೆಸಿಯೆ ಗೆದ್ದದ್ದು 28:55.77ರಲ್ಲಿ, ಗುಲ್ವೀರ್ 16ನೆಯವರು. ಯೂಜೀನ್ 2022ರ ಸ್ಟೀಪಲ್‌ಚೇಸ್‌ನಲ್ಲಿ ನಮ್ಮ ಅವಿನಾಶ್ ಸಾಬ್ಳೆಗೂ ಹೀಗೇ ಆಗಿತ್ತು: ಕೈಲಿ 8:12.48ರ ರಾಷ್ಟ್ರೀಯ ದಾಖಲೆ, ಫೈನಲ್‌ನಲ್ಲಿ 8:31.75, 11ನೇ ಸ್ಥಾನ.

ಆದ್ದರಿಂದ ಸಮುದ್ರಮಟ್ಟಕ್ಕೆ ಹತ್ತಿರದ ಒಂದು ಟ್ರ್ಯಾಕಿನಲ್ಲಿ, ಚಳಿಗಾಲದ ರಾತ್ರಿ, 5,000 ಮತ್ತು 10,000 ಮೀಟರಿಗೆಂದೇ ಕೂಟ ಇಟ್ಟು ದೀಪ ಹಾಕಲಿ. ಒಂದು ಬಣ್ಣ ಅರ್ಹತಾ ಸಮಯಕ್ಕೆ, ಇನ್ನೊಂದು ರಾಷ್ಟ್ರೀಯ ದಾಖಲೆಗೆ. 10,000 ಮೀಟರಿಗೆ 27:00 ಬೇಕೆಂದರೆ ಸುತ್ತಿಗೆ 64.8 ಸೆಕೆಂಡಿಗೆ ಹೊಂದಿಸಿ, ಕನಿಷ್ಠ 5,000 ಮೀಟರ್‌ವರೆಗೆ ಎಳೆಯಬಲ್ಲ ಇಬ್ಬರು ಪೇಸ್‌ಮೇಕರ್‌ಗಳನ್ನು ಕರೆತರಲಿ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ದಿನ ಮಾತ್ರ ದೀಪ ಬೇಡ. ಟೋಕಿಯೊದಂಥ ಓಟಕ್ಕೆ ಯಾರ ಕಾಲು ಸಿದ್ಧವಾಗಿದೆ ಎಂದು ಆಯ್ಕೆಗಾರರಿಗೆ ತಿಳಿಯುವುದು ಅಂದೇ.