ನಿಕೋಟಿನ್ ಗಮ್ (2 ಮಿ.ಗ್ರಾಂ): ಜಗಿಯೋದು ಕಮ್ಮಿ, ಕೆನ್ನೇಲಿ ಇಟ್ಕೊಳ್ಳೋದು ಜಾಸ್ತಿ

ಐದಕ್ಕೆ ನಾಲ್ಕು ಸ್ಟಾರ್. ಸಿಗರೇಟು ಬಿಡಲು ನೆರವಾಗುವ ಈ ಗಮ್ಮನ್ನು ಪೂರ್ತಿ ಮೂರು ತಿಂಗಳ ಕೋರ್ಸಿಗೆ ಬಳಸಿ, ಆಮೇಲೆ ನಿಲ್ಲಿಸಿ ಕೊಡುತ್ತಿರುವ ಅಂಕ ಇದು. "ತಿಂದೆ, ಏನೂ ಆಗಲಿಲ್ಲ, ಬಿಕ್ಕಳಿಕೆ ಬಂತಷ್ಟೆ" ಅಂತ ಒಂದು ಸ್ಟಾರ್ ಕೊಟ್ಟು ಹೋಗುವವರು ಬಹಳ. ಅವರಲ್ಲಿ ಹೆಚ್ಚಿನವರು ಇದನ್ನು ಬಬಲ್ ಗಮ್ ಥರ ಜಗಿದಿರುತ್ತಾರೆ, ಇಲ್ಲವೇ ದಿನಕ್ಕೆ ಮೂರೋ ನಾಲ್ಕೋ ತಿಂದು ಕೈಬಿಟ್ಟಿರುತ್ತಾರೆ.

ಮೊದಲು ಜಗಿಯುವ ಕ್ರಮ. ಬಾಯಿಗೆ ಹಾಕಿ ನಿಧಾನಕ್ಕೆ ಹತ್ತು ಹದಿನೈದು ಸಲ ಜಗಿಯಿರಿ. ಕಾಳುಮೆಣಸು ಕಚ್ಚಿದಂಥ ಖಾರ ಹತ್ತಿ ನಾಲಿಗೆ ಚುರುಚುರು ಅಂದ ಕೂಡಲೇ ನಿಲ್ಲಿಸಿ, ಗಮ್ಮನ್ನು ಕೆನ್ನೆಗೂ ಒಸಡಿಗೂ ನಡುವೆ ಒತ್ತರಿಸಿ ಇಡಿ. ಒಂದು ನಿಮಿಷದಲ್ಲಿ ಚುರುಚುರು ಇಳಿಯುತ್ತದೆ. ಮತ್ತೆ ನಾಲ್ಕೈದು ಸಲ ಜಗಿದು ಇನ್ನೊಂದು ಕೆನ್ನೆಗೆ ದಾಟಿಸಿ. ಹೀಗೆ ಅರ್ಧ ಗಂಟೆ. ಎಷ್ಟು ಜಗಿದರೂ ಖಾರ ಬರುತ್ತಿಲ್ಲ ಅಂದರೆ ಒಳಗಿನ ಸರಕು ಮುಗಿದಿದೆ, ಉಗಿಯಬಹುದು. ನಿಕೋಟಿನ್ ರಕ್ತಕ್ಕೆ ಸೇರಬೇಕಾದದ್ದು ಕೆನ್ನೆಯ ಒಳಚರ್ಮದ ಮೂಲಕ. ಬಿಡದೆ ಜಗಿದರೆ ಅದು ಎಂಜಲಿನ ಜೊತೆ ಹೊಟ್ಟೆಗಿಳಿಯುತ್ತದೆ, ಅಲ್ಲಿ ಹೀರಿದ್ದರಲ್ಲಿ ಬಹುಪಾಲನ್ನು ಲಿವರ್ ಒಡೆದುಹಾಕುತ್ತದೆ. ಫಲ ಸಿಗುವುದಿಲ್ಲ, ಬಿಕ್ಕಳಿಕೆ, ಎದೆಯುರಿ, ವಾಕರಿಕೆ ಮಾತ್ರ ಸಿಗುತ್ತವೆ. (ಹೊಗೆಸೊಪ್ಪು, ಗುಟ್ಕಾ ಕೆನ್ನೆಯಲ್ಲಿಟ್ಟು ರೂಢಿಯಿರುವವರು ಈ ವಿದ್ಯೆಯನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ. ಪಾಠ ಬೇಕಿರುವುದು ಸಿಗರೇಟಿನವರಿಗೆ.)

ನಮ್ಮ ಕಡೆ ಇದು ಕೆಡುವುದು ಕಾಫಿಯಿಂದ. ಕಾಫಿ, ಜ್ಯೂಸ್, ಸೋಡಾ ಬಾಯಿಯನ್ನು ಆಮ್ಲೀಯ ಮಾಡುತ್ತವೆ. ಅಂಥ ಬಾಯಲ್ಲಿ ನಿಕೋಟಿನ್ ಕೆನ್ನೆ ದಾಟುವುದಿಲ್ಲ. ಹಾಗಾಗಿ ಗಮ್ ಹಾಕುವ ಮುಂಚಿನ 15 ನಿಮಿಷ ಮತ್ತು ಬಾಯಲ್ಲಿರುವಷ್ಟು ಹೊತ್ತು ನೀರು ಬಿಟ್ಟು ಬೇರೇನೂ ಬೇಡ. ಇನ್ನೊಂದು ವಿಷಯ ಮೆಡಿಕಲ್ ಶಾಪಿನವರೂ ಹೇಳುವುದಿಲ್ಲ. ಸಿಗರೇಟಿನ ಹೊಗೆ ಲಿವರನ್ನು ಚುರುಕು ಮಾಡಿ ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಈ ಕೆಲಸ ಹೊಗೆಯದು, ನಿಕೋಟಿನ್‌ನದಲ್ಲ. ಆದ್ದರಿಂದ ಗಮ್ ತಿಂದರೂ ಸಿಗರೇಟು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅದೇ ಎರಡು ಲೋಟ ಕಾಫಿ ನಾಲ್ಕು ಲೋಟದಷ್ಟು ಹತ್ತಬಹುದು. ಕೈ ನಡುಕ, ಎದೆ ಡವಡವ, ರಾತ್ರಿ ನಿದ್ದೆಯಿಲ್ಲ. ಇದನ್ನೆಲ್ಲ ಗಮ್‌ನ ತಲೆಗೆ ಕಟ್ಟಿ ಬಿಟ್ಟವರಿದ್ದಾರೆ. ಕಾಫಿಯನ್ನು ಅರ್ಧಕ್ಕಿಳಿಸಿ, ಬೈಟೂ ಹೇಳಿ, ಅಷ್ಟು ಸಾಕು. ಆಸ್ತಮಾಕ್ಕೆ ಥಿಯೋಫಿಲಿನ್ ಅಥವಾ ಮಾನಸಿಕ ಕಾಯಿಲೆಗೆ ಕ್ಲೋಜಪಿನ್, ಒಲಾಂಜಪಿನ್ ತೆಗೆದುಕೊಳ್ಳುವವರಿಗೂ ಇದೇ ಕಾರಣಕ್ಕೆ ಡೋಸ್ ಬದಲಿಸಬೇಕಾಗಬಹುದು. ಸಿಗರೇಟು ಬಿಡುವ ಮೊದಲೇ ಡಾಕ್ಟರಿಗೆ ತಿಳಿಸಿ.

ಡೋಸ್ ವಿಚಾರ. ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರುವುದು 2017ರಿಂದ ನಿಷೇಧ. ಆ ಸುದ್ದಿ ಗೂಡಂಗಡಿಗೆ ಇನ್ನೂ ಮುಟ್ಟಿಲ್ಲ. ಒಂದೊಂದಾಗಿ ಕೊಳ್ಳುವವರಿಗೆ ದಿನಕ್ಕೆ ಎಷ್ಟಾಯಿತೆಂಬ ಲೆಕ್ಕವೇ ಇರುವುದಿಲ್ಲ. ಪರವಾಗಿಲ್ಲ, ಇಲ್ಲಿ ಬೇಕಾದದ್ದು ಬೇರೆ ಲೆಕ್ಕ: ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿ.ಗ್ರಾಂ, ಆಮೇಲೆ ಹಚ್ಚುವವರಿಗೆ 2. ಎರಡರದ್ದು ಕೇಳಿದರೆ ಕೊಡುತ್ತಾರೆ, ನಾಲ್ಕಕ್ಕೆ ಡಾಕ್ಟರ ಚೀಟಿ ಬೇಕು. 2 ಮಿ.ಗ್ರಾಂ ಅಂತ ಬರೆದಿದ್ದರೂ ದೇಹಕ್ಕೆ ಸೇರುವುದು ಸುಮಾರು ಅರ್ಧ. ಸರಿಯಾಗಿ ಜಗಿದರೂ ಒಂದು ಗಮ್ ಒಂದು ಸಿಗರೇಟಿಗೆ ಪೂರಾ ಸಮವಲ್ಲ. ಅದಕ್ಕೇ ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ ದಿನಕ್ಕೆ ಕನಿಷ್ಠ 9 ಬೇಕು, 24 ಮೀರಬಾರದು. 7ರಿಂದ 9ನೇ ವಾರ ಎರಡರಿಂದ ನಾಲ್ಕು ಗಂಟೆಗೊಂದು, 10ರಿಂದ 12ನೇ ವಾರ ನಾಲ್ಕರಿಂದ ಎಂಟು ಗಂಟೆಗೊಂದು. "ಇದೂ ನಿಕೋಟಿನ್ ತಾನೇ, ಕಮ್ಮಿ ತಿನ್ನೋಣ" ಅಂತ ಮೊದಲ ವಾರದಲ್ಲೇ ಜಿಪುಣತನ ಮಾಡಿದರೆ ಎರಡನೇ ಮೂರನೇ ದಿನ, ಅಂದರೆ ಚಡಪಡಿಕೆ ತುತ್ತತುದಿಗೇರುವ ಹೊತ್ತಿಗೆ, ಕೈ ಗೂಡಂಗಡಿ ಕಡೆ ಚಾಚುತ್ತದೆ.

ನಿಜವಾದ ಕೊರತೆ ವೇಗದ್ದು. ದಮ್ಮೆಳೆದರೆ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳಿಗೆ ಬಡಿಯುತ್ತದೆ, ಗಮ್ ತನ್ನ ಮಟ್ಟ ಮುಟ್ಟಲು ಸುಮಾರು ಅರ್ಧ ಗಂಟೆ ಬೇಕು. ಸೇದಬೇಕೆನಿಸಿದ ಮೇಲೆ ಬಾಯಿಗೆ ಹಾಕಿದರೆ ತಡವಾಯಿತು. ಗಡಿಯಾರ ನೋಡಿ ಮುಂಚೆಯೇ ಹಾಕಬೇಕು. ಆಫೀಸಿನ ಟೀ 11ಕ್ಕೆ ಅಂದುಕೊಳ್ಳಿ. 10:15ಕ್ಕೆ ಗಮ್, 10:45ಕ್ಕೆ ಉಗಿದು, 11ಕ್ಕೆ ಟೀ. ರಕ್ತದಲ್ಲಿ ನಿಕೋಟಿನ್ ಇರುವಾಗಲೇ ಅಂಗಡಿ ಮುಂದೆ ನಿಂತಿರುತ್ತೀರಿ, ಪಕ್ಕದವನು ಹಚ್ಚಿದರೂ ತಡೆದುಕೊಳ್ಳಬಹುದು. ಊಟದ ನಂತರದ ಸಿಗರೇಟಿಗೆ ಈ ಉಪಾಯ ಸ್ವಲ್ಪ ಪೇಚು. ಊಟವಾದ ಮೇಲೆ 15 ನಿಮಿಷ ಕಾಯಲೇಬೇಕಲ್ಲ. ಆ ಹದಿನೈದು ನಿಮಿಷ ನೀರು ಕುಡಿದು ನಡೆದಾಡಿ. ಇಡೀ ದಿನ ಹಿಡಿದಿಡಲು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ನಡುನಡುವಿನ ತುಡಿತಕ್ಕೆ ಗಮ್, ಹೀಗೆ ಎರಡೂ ಸೇರಿದರೆ ಒಂದೊಂದಕ್ಕಿಂತ ಫಲ ಹೆಚ್ಚು. ಅದನ್ನು ಡಾಕ್ಟರ ಹತ್ತಿರ ಮಾತಾಡಿಯೇ ಮಾಡಿ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು ಗಮ್ಮನ್ನೂ ತಾವಾಗಿ ಶುರು ಮಾಡಬಾರದು.

ರುಚಿ? ಪುದೀನ ಖಾರವನ್ನು ಸ್ವಲ್ಪ ಮುಚ್ಚುತ್ತದೆ. ಪಾನ್ ರುಚಿಯದ್ದು ಗುಟ್ಕಾ ಬಿಡುವವರಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ, ಆ ಪರಿಮಳವೇ ಹಳೆಯದನ್ನು ಎಬ್ಬಿಸುತ್ತದೆ. ಗಮ್ ಸ್ವಲ್ಪ ಗಟ್ಟಿ, ಮೊದಲ ವಾರ ದವಡೆ ನೋಯುತ್ತದೆ. ಹಲ್ಲಿನ ಸೆಟ್ಟಿಗೆ ಅಂಟುತ್ತದೆ, ಕಟ್ಟಿಸಿಕೊಂಡವರಿಗೆ ಪ್ಯಾಚೇ ಸರಿ. ಬಾಯಿಹುಣ್ಣು ಬಂದರೆ ತಕ್ಷಣ ಗಮ್ಮನ್ನು ದೂರಬೇಡಿ. ಸಿಗರೇಟು ಬಿಟ್ಟ ಮೊದಲ ವಾರಗಳಲ್ಲಿ ಗಮ್ ತಿನ್ನದವರಿಗೂ ಹುಣ್ಣು, ಮಲಬದ್ಧತೆ ಬರುತ್ತವೆ, ತಾವಾಗಿ ಹೋಗುತ್ತವೆ.

ಬೆಲೆಯ ತಕರಾರಿಲ್ಲ, ಒಂದು ಗಮ್ ಒಂದು ಕಿಂಗ್ ಸೈಜ್ ಸಿಗರೇಟಿಗಿಂತ ಅಗ್ಗ. ಒಂದು ಸ್ಟಾರ್ ಕಳೆದದ್ದು ಪ್ಯಾಕಿನ ಒಳಗಿನ ಚೀಟಿಗೆ: ಭೂತಗನ್ನಡಿ ಬೇಕಾಗುವ ಇಂಗ್ಲಿಷ್ ಅಕ್ಷರ, ಮೇಲಿನ ಯಾವ ವಿವರವೂ ಕನ್ನಡದಲ್ಲಿಲ್ಲ. ಕನ್ನಡದಲ್ಲೇ ಕೇಳಿ ತಿಳಿಯಬೇಕಾದರೆ 1800-11-2356ಕ್ಕೆ ಫೋನ್ ಮಾಡಿ, ಉಚಿತ. ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುವ ನಂಬರು ಅದು. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ನೋಡಿಕೊಳ್ಳುತ್ತದೆ.

ಕೊನೆಯ ವಾರಗಳಲ್ಲಿ ಗಮ್ ಬಿಡುವುದೂ ಕಷ್ಟ ಅನ್ನಿಸಿದರೆ ಚಾಕುವಿನಲ್ಲಿ ಅರ್ಧ ಮಾಡಿ, ಒಂದು ಬಿಟ್ಟು ಒಂದಕ್ಕೆ ಸಕ್ಕರೆಯಿಲ್ಲದ ಮಾಮೂಲಿ ಗಮ್ ಹಾಕಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಇಡಬೇಡಿ, ಮೆತ್ತಗಾಗಿ ಹಾಳೆಗೆ ಅಂಟಿಕೊಳ್ಳುತ್ತದೆ. ಉಗಿದದ್ದರಲ್ಲೂ ನಿಕೋಟಿನ್ ಉಳಿದಿರುತ್ತದೆ, ಮಕ್ಕಳಿಗೂ ನಾಯಿಗೂ ಅದು ವಿಷ. ಕಾಗದದಲ್ಲಿ ಸುತ್ತಿ ಮುಚ್ಚಳವಿರುವ ಕಸದ ಬುಟ್ಟಿಗೇ ಹಾಕಿ.